ಬಣ್ಣದಕ್ಕ ಮತ್ತು ಗುರುತು ಅಳಿಸಿದ ಬಾಗಿಲುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಒಂದು ಮನೆಯ ಅಡುಗೆಮನೆಯಲ್ಲಿ, ನೆಲಕ್ಕೆ ಹಾಸಿದ ಹಳೆಯ ಪತ್ರಿಕೆಗಳ ಮೇಲೆ ಮಂಡಿಯೂರಿ ಕೂತ ಹೆಂಗಸೊಬ್ಬರು ಕಪಾಟಿನ ಬಾಗಿಲನ್ನು ಬೆರಳಿನ ಹಿಂಭಾಗದಿಂದ ಮೆಲ್ಲಗೆ ಮುಟ್ಟಿ ನೋಡುತ್ತಿದ್ದಾರೆ. ತುದಿಬೆರಳಿನಿಂದ ಮುಟ್ಟಿದರೆ ಹಸಿ ಬಣ್ಣದ ಮೇಲೆ ಗುರುತು ಬೀಳುತ್ತದಂತೆ. ಬಣ್ಣ ಒಣಗಿದೆ. ಕಳೆದ ವಾರದವರೆಗೆ ಹೊಗೆ ಹಿಡಿದು ಕಂದಿದ್ದ ಹದಿನೆಂಟು ಬಾಗಿಲುಗಳು ಈಗ ಕೆನೆಬಣ್ಣದಲ್ಲಿ ಮಿಂದು, ಗೋಡೆಗೆ ಒರಗಿ ಸಾಲಾಗಿ ನಿಂತಿವೆ. ಇನ್ನು ಅವನ್ನು ಅವುಗಳ ಜಾಗಕ್ಕೆ ಕೂರಿಸಿದರೆ ಕೆಲಸ ಮುಗಿಯಿತು.

ಇವರನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುವುದು. ಮನೆ ಮಾರುವವರು ಮೊದಲು ದಲ್ಲಾಳಿಯನ್ನು ಹುಡುಕುತ್ತಾರೆ, ಆಮೇಲೆ ಬಣ್ಣದಕ್ಕನನ್ನು. ಹಳೆಯ ಅಡುಗೆಮನೆಯ ಕಪಾಟುಗಳನ್ನು ಒಡೆಯದೆ, ಹೊಸದು ತರದೆ, ಇದ್ದುದನ್ನೇ ತೊಳೆದು ತಿಕ್ಕಿ ಬಳಿದು ಕಣ್ಣಿಗೆ ಹಿತವಾಗುವಂತೆ ಮಾಡಿಕೊಡುವುದು ಅವರ ಕಸುಬು. ಮನೆ ಮಾರಾಟವಾದ ಮೇಲೆ ದಲ್ಲಾಳಿ ಕಾಲರ್ ಸರಿಮಾಡಿಕೊಂಡು ಫೋಟೋಗೆ ನಿಲ್ಲುತ್ತಾನೆ. ಬಣ್ಣದಕ್ಕ ಆ ಹೊತ್ತಿಗೆ ಇನ್ನೊಂದು ಮನೆಯ ಜಿಡ್ಡು ಕೆರೆಯುತ್ತಿರುತ್ತಾರೆ.

ಇವತ್ತಿನ ಕೆಲಸಕ್ಕೆ ಗಡುವು ಇದೆ. ಹತ್ತು ಗಂಟೆಗೆ ಮನೆ ನೋಡಲು ದಂಪತಿ ಬರುತ್ತಾರೆ. ಇದಕ್ಕೆ ಮುಂಚೆ ಬಂದಿದ್ದ ಎರಡು ಕುಟುಂಬಗಳು ಹಾಲ್, ಕೋಣೆ, ಬಾಲ್ಕನಿ ಎಲ್ಲವನ್ನೂ ಮೆಚ್ಚಿ, ಅಡುಗೆಮನೆಯ ಬಾಗಿಲಲ್ಲಿ ಮೂಗು ಮುರಿದು ಹೊರಟುಹೋಗಿವೆ. ಮನೆಯ ಸೊಸೆಗೆ ಅದರದೇ ಚಿಂತೆ. ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಾವನವರ ಮಂಡಿ ಕೈಕೊಟ್ಟು ಎಂಟು ತಿಂಗಳಾಯಿತು, ಅಂದಿನಿಂದ ಅವರು ಬೀದಿಗೆ ಇಳಿದಿಲ್ಲ. ಎರಡು ರಸ್ತೆಯಾಚೆ ನೆಲಮಟ್ಟದ ಒಂದು ಪುಟ್ಟ ಮನೆ ಇವರಿಗಾಗಿಯೇ ಎಂಬಂತೆ ಖಾಲಿ ಇದೆ. ಆ ಮನೆಯವರು ಈ ವಾರದ ಕೊನೆಯವರೆಗೆ ಮಾತ್ರ ಕಾಯುತ್ತಾರೆ. ಇದು ಮಾರಾಟವಾದರೆ ಅದು, ಇಲ್ಲವಾದರೆ ಮಾವನವರಿಗೆ ಮತ್ತೆ ಅದೇ ಕುರ್ಚಿ, ಅದೇ ಕಿಟಕಿ.

ಬಣ್ಣದಕ್ಕ ಮೊದಲನೆಯ ಬಾಗಿಲನ್ನೆತ್ತಿ ಹಿಂದುಮುಂದು ತಿರುಗಿಸುತ್ತಾರೆ. ಇನ್ನೊಂದನ್ನು ತಿರುಗಿಸುತ್ತಾರೆ. ಮತ್ತೊಂದು. ಅವರ ಕೈ ನಿಲ್ಲುತ್ತದೆ.

"ರೀ, ನಂಬರ್ ಎಲ್ಲಿ?"

ಬಾಲ್ಕನಿಯಲ್ಲಿ ಬ್ರಷ್ ತೊಳೆಯುತ್ತಿದ್ದ ಅವರ ಯಜಮಾನರು ಇಣುಕುತ್ತಾರೆ. "ಯಾವ ನಂಬರು?"

"ಬಾಗಿಲು ಬಿಚ್ಚುವಾಗ ಪೆನ್ಸಿಲಲ್ಲಿ ಬರ್ದಿದ್ದೆನಲ್ಲ, ಒಳಗಡೆ, ಕೀಲು ತಿರುಗಣೆ ಪಕ್ಕದಲ್ಲಿ. ಯಾವುದು ಎಲ್ಲಿಗೆ ಅಂತ."

"ಓ, ಅದಾ? ಕೊಳೆ ಅಂದ್ಕೊಂಡೆ ಕಣೇ. ಒಂದು ಚೂರೂ ಬಿಡದ ಹಾಗೆ ತಿಕ್ಕಿ ತೆಗ್ದೆ!"

ಹೇಳುವಾಗ ಅವರ ಮುಖದಲ್ಲಿ ಬಹುಮಾನ ಗೆದ್ದವರ ಕಳೆ. ಯಜಮಾನರು ಬಹಳ ವರ್ಷ ಬಸ್ ಓಡಿಸಿದವರು. ಬೆನ್ನು ನೋವು ಬಂದು ಸ್ಟಿಯರಿಂಗ್ ಬಿಟ್ಟ ಮೇಲೆ ಹೆಂಡತಿಯ ಜೊತೆ ಕೆಲಸಕ್ಕೆ ಸೇರಿಕೊಂಡರು. ಅಚ್ಚುಕಟ್ಟು ಎಂದರೆ ಅಷ್ಟಿಷ್ಟಲ್ಲ, ತಟ್ಟೆಯನ್ನೂ ಬಸ್ಸಿನ ಗಾಜಿನಂತೆ ಒರೆಸುವ ಜಾಯಮಾನ. ಹೆಂಡತಿಯ ಮುಖ ನೋಡುತ್ತಿದ್ದಂತೆ ಆ ಕಳೆ ಮೆಲ್ಲಗೆ ಇಳಿಯುತ್ತದೆ.

ಹದಿನೆಂಟರಲ್ಲಿ ಹೆಚ್ಚಿನವು ಒಂದೇ ಅಳತೆಯವು. ಹಾಗಾದರೆ ಯಾವುದನ್ನು ಎಲ್ಲಿ ಹಾಕಿದರೇನು ಎಂದು ಕೇಳಬಹುದು. ಅಲ್ಲೇ ಇರುವುದು ತೊಡಕು. ವರ್ಷಾನುಗಟ್ಟಲೆ ಪಾತ್ರೆಗಳ ಭಾರ ಹೊತ್ತು ಒಂದೊಂದು ಕಪಾಟು ಒಂದೊಂದು ಕಡೆ ವಾಲಿರುತ್ತದೆ. ಒಂದರ ಸ್ಕ್ರೂ ಸಡಿಲವಾಗಿ ಬೆಂಕಿಕಡ್ಡಿ ತುರುಕಿರುತ್ತಾರೆ, ಇನ್ನೊಂದರ ತಿರುಗಣೆಯನ್ನು ಕೂದಲೆಳೆಯಷ್ಟು ಮೇಲೆ ಸರಿಸಿರುತ್ತಾರೆ. ಆ ಬಾಗಿಲು ಆ ಕಪಾಟಿಗೇ ಸೈ. ಅದಲು ಬದಲಾದರೆ ಒಂದು ಬಾಯಿ ತೆರೆದುಕೊಂಡೇ ಇರುತ್ತದೆ, ಇನ್ನೊಂದು ಪಕ್ಕದ್ದರ ಮೇಲೆ ಹತ್ತಿ ಕೂರುತ್ತದೆ. ಬಣ್ಣದಕ್ಕ ಅಂದಾಜಿನ ಮೇಲೆ ಎರಡು ಹಾಕಿ ನೋಡುತ್ತಾರೆ. ಎರಡೂ ಸೊಟ್ಟ. ಬಿಚ್ಚುವಾಗ ಅಂಚಿನ ಹೊಸ ಬಣ್ಣ ಸಣ್ಣಗೆ ಕಿತ್ತು ಬರುತ್ತದೆ. ಹೀಗೆ ಹಾಕಿ ಬಿಚ್ಚಿ ಮಾಡುತ್ತ ಹೋದರೆ ಹತ್ತು ಗಂಟೆಯ ಹೊತ್ತಿಗೆ ಬಣ್ಣವೇ ಉಳಿಯುವುದಿಲ್ಲ.

ಈ ಕಸುಬನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಮೊದಲು ಅವರು ಮನೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಮಾರಾಟಕ್ಕಿಟ್ಟ ಒಂದು ಮನೆಯಲ್ಲಿ ಪೇಂಟರುಗಳು ಗೋಡೆಗಷ್ಟೇ ಬಣ್ಣ ಹೊಡೆದು, ಅಡುಗೆಮನೆಯ ಕಪಾಟಿನ ಜಿಡ್ಡು ಕಂಡು "ಇದು ನಮ್ಮ ಕೈಲಾಗಲ್ಲ" ಎಂದು ಹೊರಟುಹೋದರು. ಮನೆಯಾಕೆ ತಲೆ ಮೇಲೆ ಕೈ ಹೊತ್ತು ಕೂತಾಗ ಇವರು "ಉಳಿದ ಬಣ್ಣ ಕೊಡಿ, ನಾನು ನೋಡ್ತೀನಿ" ಎಂದರು. ನೋಡಿದ್ದು ಸರಿ, ಜಿಡ್ಡಿನ ಮೇಲೇ ಬಳಿದುಬಿಟ್ಟರು. ವಾರ ಕಳೆಯುವುದರೊಳಗೆ ಬಣ್ಣ ಈರುಳ್ಳಿ ಸಿಪ್ಪೆಯಂತೆ ಸುಲಿದು ಬಂತು.

"ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಂಗಾಯ್ತು. ಮತ್ತೆ ಹೋಗಿ ಅಷ್ಟೂ ಕೆರೆದು, ಬಿಸಿನೀರು ಸೋಡಾ ಹಾಕಿ ತೊಳ್ದು, ತಿಕ್ಕಿ, ಇನ್ನೊಂದ್ಸಲ ಬಳ್ದುಕೊಟ್ಟೆ" ಎಂದು ನಗುತ್ತಾರೆ. "ಅವತ್ತು ಗೊತ್ತಾಯ್ತು, ಬಳಿಯೋದು ಕಾಲು ಭಾಗ. ಮುಕ್ಕಾಲು ಭಾಗ ತೊಳೆಯೋದೇ. ತೊಳೆಯೋದು ನಂಗೆ ಬರ್ತಿತ್ತಲ್ಲ!"

ಆಮೇಲೆ ಬಾಯಿಂದ ಬಾಯಿಗೆ ಹೆಸರು ಹರಡಿತು. ಈಗ ವಾರಕ್ಕೊಂದು ಅಡುಗೆಮನೆ. ಎರಡು ದಿನ ತೊಳೆದು ತಿಕ್ಕುವುದಕ್ಕೆ, ಒಂದು ದಿನ ಬಣ್ಣದಡಿಯ ಪ್ರೈಮರ್ ಲೇಪಕ್ಕೆ, ಉಳಿದದ್ದು ಬಣ್ಣಕ್ಕೂ ಒಣಗುವುದಕ್ಕೂ. ಸೋಡಾ ನೀರಿಗೆ ಉಗುರು ಸವೆದಿದೆ, ಮೇಲಿನ ಕಪಾಟಿಗೆ ಕೈ ಚಾಚಿ ಚಾಚಿ ಬಲಭುಜ ರಾತ್ರಿ ಮಲಗಗೊಡುವುದಿಲ್ಲ. ಕೆಲವು ಮನೆಗಳಲ್ಲಿ ಕೂರಲು ಸ್ಟೂಲು ಕೂಡ ಕೊಡುವುದಿಲ್ಲವಂತೆ. "ಬಣ್ಣದ ಡಬ್ಬಿ ಇದ್ಯಲ್ಲ, ಅದೇ ನನ್ನ ಸಿಂಹಾಸನ" ಎನ್ನುತ್ತಾರೆ. ಅವರದೊಂದು ಹಟವಿದೆ. ಹೊರಗೆ ಮಾತ್ರ ಬಣ್ಣ, ಒಳಗೆ ಬರೀ ತೊಳೆಯುವುದು. ಒಳಗೆ ಬಳಿದರೆ ಬೇಳೆಗೂ ಸಕ್ಕರೆಗೂ ವಾಸನೆ ಹತ್ತುತ್ತದೆ, ಬಂದವರು ತಿಂಗಳುಗಟ್ಟಲೆ ಬೈದುಕೊಳ್ಳುತ್ತಾರೆ ಎಂಬ ಕಾಳಜಿ.

ಇವತ್ತು ಅವರನ್ನು ಕಾಪಾಡುವುದು ಆ ಹಟವೇ.

ಸದ್ದು ಕೇಳಿ ಎದ್ದು ಬಂದ ಸೊಸೆ ಬಾಗಿಲಲ್ಲೇ ನಿಲ್ಲುತ್ತಾರೆ. ಬಣ್ಣದಕ್ಕ ಮುಚ್ಚಿಡದೆ ನಡೆದದ್ದನ್ನು ಹೇಳುತ್ತಾರೆ. "ತಪ್ಪಾಗಿದೆ ತಾಯಿ. ಯಾವ ಬಾಗಿಲು ಯಾವುದಕ್ಕೆ ಅಂತ ನಂಗೀಗ ಗೊತ್ತಿಲ್ಲ." ಸೊಸೆಯ ಕಣ್ಣು ತುಂಬುತ್ತದೆ. ಯಜಮಾನರು ನೆಲ ನೋಡುತ್ತ, ಕೈಯಲ್ಲಿದ್ದ ಬ್ರಷ್ಷನ್ನು ಇನ್ನೊಮ್ಮೆ ಒರೆಸುತ್ತಾರೆ. ಆಮೇಲೆ ಸೊಸೆ, ಏನೋ ಕಂಡವರಂತೆ, ಕೂತು ಒಂದು ಬಾಗಿಲಿನ ಹಿಂಬದಿಯನ್ನು ಬೆಳಕಿಗೆ ಹಿಡಿಯುತ್ತಾರೆ.

"ಅಕ್ಕಾ, ಇದು ಎಣ್ಣೆ ಡಬ್ಬಿದು. ನೋಡಿ, ಮುಚ್ಚಳ ತಾಗಿ ತಾಗಿ ಹಳದಿ ಉಂಗುರ ಆಗಿದೆ."

ಬಣ್ಣದಕ್ಕ ಅದನ್ನು ಒಲೆಯ ಎಡಕ್ಕೆ ಹಿಡಿಯುತ್ತಾರೆ. ಸ್ಕ್ರೂ ಸಲೀಸಾಗಿ ಕೂರುತ್ತದೆ. ಬಾಗಿಲು ನೆಟ್ಟಗೆ ನಿಲ್ಲುತ್ತದೆ.

"ಇದು ಒಲೆ ಮೇಲಿಂದು, ಹಬೆಗೆ ಒಳಗಡೆ ಉಬ್ಬಿದೆ. ಇದು ಸಿಂಕ್ ಕೆಳಗಿಂದು. ಅಯ್ಯೋ, ಇದಾ? ಎರಡೂ ಕೈಯಲ್ಲಿ ಪಾತ್ರೆ ಇದ್ದಾಗ ಮಂಡೀಲಿ ದೂಡ್ತಿದ್ದೆ, ಅಂಚು ಸವೆದುಹೋಗಿದೆ." ಅಳು ಎಲ್ಲೋ ಹೋಗಿ ಸೊಸೆಯ ದನಿಯಲ್ಲಿ ಈಗ ಹುರುಪು. ಒಂದರ ಹಿಂದೆ ಚಮಚ ನೇತುಹಾಕುತ್ತಿದ್ದ ಮೊಳೆಯ ತೂತು, ಇನ್ನೊಂದರಲ್ಲಿ ಗಂಡ ಸಿಟ್ಟಿನಲ್ಲಿ ದಡಾರನೆ ಬಡಿದಾಗ ಆದ ಸೀಳು. "ಆ ಕತೆ ಇವತ್ತು ಬೇಡ" ಎನ್ನುತ್ತಾರೆ. ಯಜಮಾನರು ಬಾಗಿಲು ಹಿಡಿದುಕೊಳ್ಳುತ್ತಾರೆ, ಬಣ್ಣದಕ್ಕ ಸ್ಕ್ರೂ ತಿರುಗಿಸುತ್ತಾರೆ.

ಕೊನೆಗೆ ಉಳಿದದ್ದು ಎರಡು. ಅಟ್ಟದ ಕೆಳಗಿನ ಜೋಡಿ ಬಾಗಿಲುಗಳು. ಒಳಗೆ ಕಲೆಯೂ ಇಲ್ಲ, ಗೀರೂ ಇಲ್ಲ. ಸೊಸೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಸೋಲೊಪ್ಪುತ್ತಾರೆ. ಗಡಿಯಾರ ಒಂಬತ್ತು ದಾಟಿದೆ.

ಆಗ ಹಾಲ್‌ನ ಕುರ್ಚಿಯಿಂದ ಮಾವನವರ ದನಿ. "ಎಡಗಡೇದು ಕುಂಯ್ ಅನ್ನುತ್ತೆ. ಬಲಗಡೇದು ಬರೀ ಟಕ್ ಅನ್ನುತ್ತೆ."

ಎಲ್ಲರೂ ತಿರುಗುತ್ತಾರೆ.

"ಎಂಟು ತಿಂಗಳಿಂದ ನಂಗೆ ಬೇರೆ ಏನಮ್ಮ ಕೆಲ್ಸ? ಕೂತ್ಕೊಂಡು ನಿಮ್ಮ ಕಬೋರ್ಡ್ ಸದ್ದು ಕೇಳೋದೇ" ಎನ್ನುತ್ತಾರೆ ಅವರು. ದೂರಿನ ದನಿಯಲ್ಲ, ತಮಾಷೆಗೆ. ಆದರೂ ಸೊಸೆಯ ಮುಖ ಒಂದು ಗಳಿಗೆ ಸಣ್ಣದಾಗುತ್ತದೆ.

ಅದೃಷ್ಟಕ್ಕೆ ತಿರುಗಣೆಗಳು ಬಾಗಿಲಿಗೇ ಅಂಟಿಕೊಂಡಿವೆ, ಎಣ್ಣೆ ಬಿಡುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಬಣ್ಣದಕ್ಕ ಒಂದನ್ನು ಕೈಯಲ್ಲೇ ಹಿಡಿದು ತಿರುಗಣೆ ಮಡಿಸಿ ಬಿಡಿಸುತ್ತಾರೆ. ಟಕ್. "ಅದು ಬಲಕ್ಕೆ" ಎಂದು ಹಾಲ್‌ನಿಂದ ತೀರ್ಪು. ಇನ್ನೊಂದನ್ನು ಮಡಿಸಿದಾಗ ಕುಂಯ್ ಎನ್ನುತ್ತದೆ. ಎರಡೂ ಕೂರುತ್ತವೆ, ನಡುವೆ ನೂಲು ಹಿಡಿದಂತೆ ನೇರ ಸಂದು. ಬಣ್ಣದಕ್ಕನಿಗೆ ಹೋದ ಜೀವ ಬಂದಂತಾಗುತ್ತದೆ. ಅವರು ಡಬ್ಬಿಯ ಮೇಲೆ ಧೊಪ್ಪೆಂದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಕಡೆ ನೋಡಿ ಮೊದಲ ಸಲ ನಗುತ್ತಾರೆ.

"ಇನ್ಮೇಲೆ ಕೊಳೆ ಕಂಡ್ರೆ ನನ್ನನ್ನ ಕೇಳಿ ತೆಗೀರಿ."

"ನಿನ್ನನ್ನ ಕೇಳ್ದೆ ನಾನು ಯಾವತ್ತು ಏನು ಮಾಡಿದ್ದೀನಿ?" ಎನ್ನುವ ಧೈರ್ಯ ಯಜಮಾನರಿಗೆ ಆಗಲೇ ಮರಳಿದೆ.

ಎಲ್ಲ ತಿರುಗಣೆಗಳಿಗೂ ಎಣ್ಣೆ ಬಿದ್ದು ಅಡುಗೆಮನೆ ಗಪ್‌ಚಿಪ್ ಆದಾಗ ಹಾಲ್‌ನಿಂದ ಒಂದೇ ಆಕ್ಷೇಪಣೆ: "ಇನ್ನು ಟೀ ಆಯ್ತೋ ಇಲ್ವೋ ಅಂತ ನಂಗೆ ಹೆಂಗಮ್ಮ ಗೊತ್ತಾಗೋದು?"

ಹತ್ತಕ್ಕೆ ದಂಪತಿ ಬರುತ್ತಾರೆ. ಬಣ್ಣದಕ್ಕ ಸಾಮಾನು ಸಮೇತ ಬಾಲ್ಕನಿಯ ಮೂಲೆಗೆ ಸರಿದು ನಿಲ್ಲುತ್ತಾರೆ. ಬಂದ ಹೆಂಗಸು ಹಾಲ್ ಅನ್ನು ಅರೆಬರೆ ನೋಡಿ ನೇರ ಅಡುಗೆಮನೆಗೆ ನಡೆಯುತ್ತಾಳೆ. ಒಂದು ಬಾಗಿಲು ತೆಗೆಯುತ್ತಾಳೆ, ಮುಚ್ಚುತ್ತಾಳೆ. ಇನ್ನೊಂದು ತೆಗೆದು ಒಳಗೆ ಇಣುಕಿ, ಆ ಹಳದಿ ಉಂಗುರದ ಮೇಲೆ ಬೆರಳಾಡಿಸುತ್ತಾಳೆ. ಸೊಸೆ ಆ ಬೆರಳನ್ನೇ ನೋಡುತ್ತಿದ್ದಾರೆ.

"ಇಲ್ಲಿ ಎಣ್ಣೆ ಇಡ್ತಿದ್ರಾ?"

"ಹೌದು" ಎನ್ನುತ್ತಾರೆ ಸೊಸೆ.

"ನಾನೂ ಅಲ್ಲೇ ಇಡೋದು. ಒಲೆಗೆ ಹತ್ರ." ಆಕೆ ಗಂಡನ ಕಡೆ ತಿರುಗಿ ಹೇಳುವುದು ಇಷ್ಟೇ: "ಸಾಕು, ಇನ್ನು ಬೇರೆ ಮನೆ ನೋಡೋದು ಬೇಡ."

ಸೊಸೆ ಬಾಲ್ಕನಿಗೆ ಓಡಿ ಬಂದು ಬಣ್ಣದಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಆ ಕೈಗಳಲ್ಲಿ ಬಣ್ಣವಿದೆ ಎಂಬುದು ಇಬ್ಬರಿಗೂ ನೆನಪಿಲ್ಲ.

ಇದೆಲ್ಲ ನಡೆದು ಮೂರು ವಾರ. ಬಣ್ಣದಕ್ಕ ಈಗ ಕೂತಿರುವುದು ನೆಲಮಟ್ಟದ ಒಂದು ಪುಟ್ಟ ಮನೆಯ ಅಡುಗೆಮನೆಯಲ್ಲಿ. ಇಲ್ಲಿನ ಕಪಾಟುಗಳೂ ಹಳೆಯವೇ, ಜಿಡ್ಡೂ ಬೇಕಾದಷ್ಟಿದೆ. ಪಕ್ಕದಲ್ಲಿ ಸೊಸೆ ಟೀ ಕಾಸುತ್ತಿದ್ದಾರೆ. ಯಜಮಾನರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಹೆಂಡತಿ ಬರೆದ ಅಂಕಿಗಳ ಮೇಲೆ ತಾವೂ ಒಮ್ಮೆ ಒತ್ತಿ ಬರೆಯುತ್ತಿದ್ದಾರೆ. ಮಾವನವರು ಮನೆಯಲ್ಲಿಲ್ಲ. ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿದ್ದಾರೆ, ಇಂದು ಬೆಳಿಗ್ಗೆಯಿಂದ ಇದು ಎರಡನೇ ಸಲ.

ನಿಮಗೇನು ಆಸೆ ಎಂದು ಕೇಳಿದರೆ ಬಣ್ಣದಕ್ಕ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒತ್ತಿ ಯೋಚಿಸುತ್ತಾರೆ.

"ಆಸೆ ಅಂತ ಏನಿಲ್ಲ. ಇಷ್ಟು ವರ್ಷ ಬಳಿದದ್ದೆಲ್ಲ ಬಿಟ್ಟು ಹೋಗೋರಿಗೆ. ಬಣ್ಣ ಒಣಗೋದ್ರೊಳಗೆ ಅವರು ಗಂಟುಮೂಟೆ ಕಟ್ಟಿರ್ತಿದ್ರು. ನಾನು ಬಳಿದ ಅಡುಗೆಮನೇಲಿ ಅದೇ ಮನೆಯವರು ಒಂದು ಲೋಟ ಟೀ ಮಾಡಿದ್ದು ನಾನು ನೋಡಿದ್ದೇ ಇಲ್ಲ." ಸೊಸೆ ನೀಡಿದ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ. "ಇವರು ತಾವೇ ಇರೋ ಮನೆಗೆ ಬಳಿಯೋಕೆ ಕರೆದಿದ್ದಾರೆ ನೋಡಿ. ಅದಕ್ಕೇ ಈ ಸಲ ಬಣ್ಣ ಒಂದು ಕೈ ಜಾಸ್ತಿನೇ ಹೊಡೀತಿದ್ದೀನಿ."