ನಾಲ್ಕನೆಯ ಸಲ ಕೇಳಿದಾಗ

ನನ್ನ ಮಗಳಿಗೆ ಎಂಟು ತಿಂಗಳಿದ್ದಾಗಿನ ಮಾತು. ಒಂದು ಸಂಜೆ ಕುರುಗೋಡಿನ ಶಾಲೆ ಮುಗಿಸಿ, ಬಸ್ಸಿಳಿದು ಬಳ್ಳಾರಿಯ ಮನೆಗೆ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಒಳಗಿನಿಂದಲೇ ಕೂಗಿದಳು.

"ಅಮ್ಮಾರ, ಲಗೂನ ಬರ್ರಿ, ಇಲ್ಲಿ ನೋಡ್ರಿ!"

ಚಾಪೆಯ ಮೇಲೆ ಮಗು ಕೂತಿತ್ತು. ಆಕೆ ಒಂದು ಸ್ಟೀಲಿನ ಚಮಚವನ್ನು ಅದರ ಕಣ್ಣೆದುರೇ ಟವೆಲ್ಲಿನ ಕೆಳಗೆ ಮುಚ್ಚಿಟ್ಟಳು. ಮಗು ಟವೆಲ್ಲನ್ನು ಎಳೆದು ಚಮಚ ಹಿಡಿದು ಕೇಕೆ ಹಾಕಿತು.

"ಹೋದ ವಾರ ಮುಚ್ಚಿಟ್ರ ಆ ಕಡೀ ನೋಡ್ತಿದ್ದಿಲ್ರೀ. ಈಗ ತಿಳದೈತಿ. ಕಣ್ಣಿಗೆ ಕಾಣದಿದ್ರೂ ಇದ್ದದ್ದು ಎಲ್ಲೂ ಹೋಗಂಗಿಲ್ಲ ಅಂತ."

ಬಿ.ಎಡ್ ಪರೀಕ್ಷೆಯಲ್ಲಿ ಇದನ್ನೇ ಒಂದೂವರೆ ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ಆದರೆ ಒಂದು ಮಗುವಿನಲ್ಲಿ ಅದು ನಡೆಯುವುದನ್ನು ನೋಡಿದ್ದು ಅವತ್ತೇ ಮೊದಲು, ಅದೂ ಶಾಲೆಯ ಮೆಟ್ಟಿಲು ಹತ್ತದ ಒಬ್ಬಾಕೆ ಕರೆದು ತೋರಿಸಿದ್ದಕ್ಕೆ. ಸಂತೋಷವಾಯಿತು. ಜೊತೆಗೆ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು. ಅದನ್ನು ಬಚ್ಚಿಟ್ಟರೆ ಮುಂದಿನದನ್ನು ಹೇಳಿ ಪ್ರಯೋಜನವಿಲ್ಲ.

ಆಕೆ ಸಿರಿಗೇರಿಯವಳು. ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಬೇಕೆಂದು ಬಳ್ಳಾರಿಗೆ ಬಂದು ಒಂದು ಕೋಣೆಯ ಮನೆಯಲ್ಲಿದ್ದಳು. ನಮ್ಮ ಓಣಿಯಲ್ಲೇ ಬೆಳಿಗ್ಗೆ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕಿ, ಆಮೇಲೆ ನಮ್ಮಲ್ಲಿಗೆ ಬರುತ್ತಿದ್ದಳು. ನನ್ನ ಗಂಡನಿಗೆ ಆಗ ಸಿರುಗುಪ್ಪದ ಕಚೇರಿಯಲ್ಲಿ ಗುಮಾಸ್ತಿಕೆ. ನಾವಿಬ್ಬರೂ ಒಂಬತ್ತಕ್ಕೆಲ್ಲ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆಯೇ. ಮಗುವಿನ ಮೊದಲ ಹೆಜ್ಜೆ, ಮೊದಲ ಮಾತು ಎಲ್ಲವೂ ನನಗೆ ಸುದ್ದಿಯಾಗಿ ಸಿಕ್ಕಿದವು.

ಮಗಳು ನನ್ನನ್ನು ಅಮ್ಮ ಎನ್ನುತ್ತಿದ್ದಳು, ಆಕೆಯನ್ನು ಅವ್ವ ಎನ್ನುತ್ತಿದ್ದಳು. ಮಾತು ಕಲಿತ ಮೇಲೆ ಆಕೆಯ ಹಾಗೆಯೇ "ಹಸಿವಾಗೈತಿ", "ಅಲ್ಲೈತಿ" ಎನ್ನತೊಡಗಿದಳು. ನಮ್ಮದು ಮಡಿ, ಪೂಜೆ, ಏಕಾದಶಿ ಎಂದು ನಡೆದುಕೊಳ್ಳುವ ವೈಷ್ಣವರ ಮನೆ. "ಐತಿ ಅನ್ನಬ್ಯಾಡ, ಅದ ಅನ್ನು" ಎಂದು ನಾನು ಆಕೆಯ ಎದುರಿಗೇ ಮಗುವನ್ನು ತಿದ್ದುತ್ತಿದ್ದೆ. ಆಕೆ ನಕ್ಕು, "ಹೌದವ್ವಾ, ಅಮ್ಮ ಹೇಳ್ದಂಗ ಅನ್ನು" ಎನ್ನುತ್ತಿದ್ದಳು.

ಮಗಳಿಗೆ ನಾಲ್ಕು ತುಂಬಿದ ವರ್ಷ, ಒಂದು ಭಾನುವಾರ ಎಣ್ಣೆ ಹಚ್ಚಿ ತಲೆಗೆ ಎರೆಯುವಾಗ ಬಲಗಿವಿಯ ಓಲೆ ಇಲ್ಲದ್ದು ಕಂಡಿತು. ನಾಮಕರಣಕ್ಕೆ ನನ್ನ ತವರಿನವರು ಕೊಟ್ಟ ಪುಟ್ಟ ಚಿನ್ನದ ಓಲೆ. ಮನೆಯೆಲ್ಲ ಹುಡುಕಿದೆವು. ಹಾಸಿಗೆ ಕೊಡವಿದೆವು, ಬಚ್ಚಲಿನ ಜಾಲರಿ ಎತ್ತಿ ನೋಡಿದೆವು. ಶನಿವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ಎರಡೂ ಕಿವಿಯಲ್ಲಿ ಓಲೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ ಎಂದು ಗಂಡನಿಗೆ ಹೇಳಿದೆ. ಬಿಸಿಲಲ್ಲಿ ಹೊಳೆಯುತ್ತಿದ್ದವು ಎಂದೂ ಸೇರಿಸಿದೆ.

ಆಮೇಲೆ ಮಗಳನ್ನು ಮಂಚದ ಮೇಲೆ ಕೂರಿಸಿಕೊಂಡು ಕೇಳಿದೆ.

"ಪುಟ್ಟಾ, ಓಲಿ ಎಲ್ಲಿ?"

"ಗೊತ್ತಿಲ್ಲ."

"ಅವ್ವ ತೆಗದ್ಲೇನು?"

"ಇಲ್ಲ."

"ನೆನಪು ಮಾಡ್ಕೋ. ತಲಿ ಬಾಚುವಾಗ ಅವ್ವ ತೆಗದ್ಲೇನು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಲ್ಲ ಹಿಡಿದು ಇನ್ನೊಮ್ಮೆ ಕೇಳಿದೆ.

"ಖರೇ ಹೇಳು, ಬೈಯಂಗಿಲ್ಲ. ಅವ್ವನೇ ತೆಗದ್ಲು, ಹೌದಲ್ಲೋ?"

"ಹೂಂ."

"ತೆಗದು ಎಲ್ಲಿ ಇಟ್ಲು?"

"ಸೆರಗಿನ ಗಂಟ್ನಾಗ."

ಆಕೆ ಅಡಿಕೆ ಚೂರು, ಸುಣ್ಣದ ಡಬ್ಬಿ ಕಟ್ಟಿಕೊಳ್ಳುತ್ತಿದ್ದುದು ಆ ಗಂಟಿನಲ್ಲೇ. ಮಗು ದಿನವೂ ನೋಡುತ್ತಿದ್ದ ಜಾಗ ಅದು. ನನಗೆ ಅದು ಹೊಳೆಯಲೇ ಇಲ್ಲ. ಗಂಡ ಬಂದು ಕೇಳಿದಾಗ ಕತೆ ಇನ್ನಷ್ಟು ಬೆಳೆಯಿತು. ಅವ್ವ ಓಲೆ ತೆಗೆದಳು, ಗಂಟಿನಲ್ಲಿ ಕಟ್ಟಿದಳು, ಬಸ್ಸಿನಲ್ಲಿ ಹೋದಳು. "ನಾಲ್ಕು ವರ್ಷದ ಕೂಸು ಇಷ್ಟೆಲ್ಲಾ ಕಟ್ಟಿ ಹೇಳ್ತದೇನು?" ಎಂದು ನಾನು ಗಂಡನನ್ನು ಕೇಳಿದೆ. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂದು ಅದೇ ತಿಂಗಳು ಶಾಲೆಯ ಪೋಷಕರ ಸಭೆಯಲ್ಲಿ ಭಾಷಣ ಮಾಡಿದವಳೂ ನಾನೇ.

ಸೋಮವಾರ ಬೆಳಿಗ್ಗೆ ಆಕೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿದೆ. ವಿಷಯ ಹೇಳಿದೆ. ಸಾಲದ್ದಕ್ಕೆ ಮಗಳನ್ನು ಕರೆದು, "ನಿನ್ನೆ ಹೇಳಿದ್ದು ಹೇಳು" ಎಂದೆ. ಅವಳು ಕಲಿತ ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಹೇಳಿ ಮುಗಿಸಿ ಎಂದಿನಂತೆ ಆಕೆಯ ಕಾಲು ತಬ್ಬಿಕೊಳ್ಳಲು ಹೋದಳು. ನಾನು ರಟ್ಟೆ ಹಿಡಿದು ಹಿಂದಕ್ಕೆಳೆದೆ.

ಆಕೆ ಕೂಗಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ನನ್ನೆದುರು ಹಿಡಿದಳು. ಅಡಿಕೆ, ಸುಣ್ಣದ ಡಬ್ಬಿ, ನನ್ನ ಮಗಳಿಗೆಂದು ತಂದಿದ್ದ ಎರಡು ಪೆಪ್ಪರಮೆಂಟು ಇದ್ದವು.

"ಕೂಸಿಗೆ ಮತ್ತ ಮತ್ತ ಕೇಳಬಾರ್ದಿತ್ರೀ ಅಮ್ಮಾರ. ಒಂದು ಸಲ ಹೇಳಿದ್ದು ನಿಮಗ ಬ್ಯಾಡಂದ್ರ ಬ್ಯಾರೇ ಹೇಳ್ತೈತಿ. ನಿಮ್ಮ ಮಾರಿ ನೋಡಿ ಹೇಳ್ತೈತಿ. ಆ ವಯಸ್ಸೇ ಹಂಗ."

ಇಷ್ಟೇ ಹೇಳಿ ಹೋದಳು. ಅವತ್ತೇ ನಾನು ಎದುರುಮನೆಯವರಿಗೆ, ಪಕ್ಕದ ಮನೆಯವರಿಗೆ ಹೇಳಿದೆ. ಹುಷಾರಾಗಿರಿ ಎಂದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಮಗಳು ಎಂಟು ಹತ್ತು ದಿನ ಅವ್ವ ಎಲ್ಲಿ ಎಂದು ಕೇಳಿದಳು. ಊರಿಗೆ ಹೋಗ್ಯಾಳ ಎಂದೆ. ಆಮೇಲೆ ಕೇಳುವುದು ಬಿಟ್ಟಳು. ಸಣ್ಣವಳು, ಮರೆತಳು ಎಂದು ನನಗೆ ಹಗುರವಾಯಿತು.

ಎರಡು ವರ್ಷದ ನಂತರ ಒಂದನೇ ತರಗತಿಗೆ ಸೇರಿಸುವಾಗ ಚುಚ್ಚುಮದ್ದಿನ ಕಾರ್ಡು ಬೇಕಾಯಿತು. ಆಸ್ಪತ್ರೆಯ ಕಾಗದಗಳ ಫೈಲು ತೆಗೆದು ಒಂದೊಂದೇ ಚೀಟಿ ಬಿಡಿಸುತ್ತಿದ್ದಾಗ, ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯೊಳಗಿಂದ ಓಲೆ ಜಾರಿ ನೆಲಕ್ಕೆ ಬಿತ್ತು. ನೋಡಿದ ಕೂಡಲೇ ಎಲ್ಲವೂ ನೆನಪಾಯಿತು. ಅವಳ ಬಲಗಿವಿ ಸೋರುತ್ತಿತ್ತು. ಡಾಕ್ಟರು ಓಲೆ ತೆಗೆಯಿರಿ ಎಂದಿದ್ದರು. ಮಗು ಚೀರಾಡುತ್ತಿದ್ದಾಗ ಅಲ್ಲೇ ತೆಗೆದು, ಔಷಧಿಯ ಚೀಟಿಯಲ್ಲಿ ಮಡಿಸಿ, ಫೈಲಿಗೆ ಸೇರಿಸಿದ್ದೆ. ಅದು ಆ ಭಾನುವಾರಕ್ಕೆ ಎರಡು ವಾರ ಮುಂಚಿನ ಮಾತು; ಕಿವಿ ವಾಸಿಯಾಗುವವರೆಗೆ ತಲೆಗೂ ಎರೆದಿರಲಿಲ್ಲ. ಹಾಗಾದರೆ ಶನಿವಾರದ ಬಿಸಿಲಲ್ಲಿ ಎರಡೂ ಕಿವಿಯಲ್ಲಿ ಹೊಳೆಯುತ್ತಿದ್ದ ಓಲೆಗಳನ್ನು ನಾನು ಕಂಡಿದ್ದು ಎಲ್ಲಿ? ನಾಲ್ಕು ವರ್ಷದ ಮಗುವಿಗೆ ನಾನು ಒತ್ತಿ ಒತ್ತಿ ಕತೆ ಕಟ್ಟಿಸಿದ್ದೆ. ನನಗೆ ಯಾರೂ ಒತ್ತಿರಲಿಲ್ಲ, ಆದರೂ ಕಟ್ಟಿಕೊಂಡಿದ್ದೆ.

ಗಂಡನಿಗೆ ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಈಗ ಹೋಗಿ ಹೇಳಿದ್ರ ಆಕಿಗೆ ಏನು ಸಿಗ್ತದ?" ಎಂದರು. ನನಗೆ ಬೇಕಾಗಿದ್ದ ಮಾತು ಅದೇ. ಮರುದಿನ ಎರಡೂ ಓಲೆಗಳನ್ನು ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿ, ದೊಡ್ಡವು ಮಾಡಿಸಿದೆ. ಹೀಗೆ ಮಾಡಿದ ಮೇಲೆ ಮರೆತೆ ಎಂದು ಹೇಳಿಕೊಳ್ಳುವ ದಾರಿಯೂ ನನಗೆ ಉಳಿಯಲಿಲ್ಲ.

ಮಗಳು ಮರೆತಿರಲಿಲ್ಲ. ಅವಳು ನೆನಪಿಟ್ಟುಕೊಂಡಿದ್ದು ನಾನು ಕಟ್ಟಿಸಿದ್ದನ್ನು. ಏಳನೆಯ ವಯಸ್ಸಿಗೆ ಅವಳಿಗೆ ಎಲ್ಲದಕ್ಕೂ ಒಂದು ನಿಯಮ ಬೇಕಿತ್ತು. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದರೆ ಔಟು, ಕದ್ದವರು ಕೆಟ್ಟವರು. ಒಮ್ಮೆ ನೆಂಟರೆದುರು ಅವಳು, "ನಮ್ಮ ಮನ್ಯಾಗ ಒಬ್ಬಾಕಿ ಕಳ್ಳಿ ಇದ್ಲು, ನನ್ನ ಓಲಿ ಕದ್ದು ಸೆರಗಿನಾಗ ಕಟ್ಕೊಂಡ್ಲು, ನಾನೇ ನೋಡಿ ಹಿಡದುಕೊಟ್ಟೆ" ಎಂದಳು. ನೆಂಟರು ಭೇಷ್ ಎಂದರು. ನಾನು ಉಪ್ಪಿಟ್ಟು ಬಡಿಸುತ್ತಿದ್ದೆ. ಬಡಿಸುತ್ತಲೇ ಇದ್ದೆ.

ಹತ್ತರ ಹೊತ್ತಿಗೆ ಪ್ರಶ್ನೆ ಬದಲಾಯಿತು. "ಆಕಿ ಯಾಕ ಕದ್ದಿರಬಹುದಮ್ಮಾ? ಅವರ ಮನ್ಯಾಗ ಯಾರಿಗರೆ ಆರಾಮ ಇರಲಿಲ್ಲೇನೋ." ಮತ್ತೊಬ್ಬರ ಹೊಟ್ಟೆಯೊಳಗೆ ಏನಿರಬಹುದು ಎಂದು ಅವಳು ಯೋಚಿಸತೊಡಗಿದ್ದಳು. ತಾಯಿಗೆ ಹೆಮ್ಮೆಯಾಗಬೇಕಾದ ಗಳಿಗೆ ಅದು. ನಾನು, "ಇರಬಹುದು, ಹೋಂವರ್ಕ್ ಮಾಡು" ಎಂದೆ.

ಹೋದ ವರ್ಷ ಅವಳಿಗೆ ಹದಿನಾಲ್ಕು. ಒಂದು ಸಂಜೆ ಶಾಲೆಯಿಂದ ಬಂದವಳು ಬ್ಯಾಗು ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತರಗತಿಯಲ್ಲಿ ಯಾರದೋ ಕ್ಯಾಲ್ಕುಲೇಟರ್ ಕಳೆದಿತ್ತು. ಒಬ್ಬ ಹುಡುಗಿಯ ಮೇಲೆ ಅನುಮಾನ. ಟೀಚರು ಇವಳನ್ನು ಕರೆದು, ಆಕೆ ಆ ಬೆಂಚಿನ ಹತ್ತಿರ ಹೋಗಿದ್ದನ್ನು ನೀನು ನೋಡಿದೆಯಾ ಎಂದು ಕೇಳಿದ್ದರು.

"ಇಲ್ಲ ಅಂದೆ. ಮತ್ತ ಕೇಳಿದ್ರು. ಮೂರನೇ ಸಲ ಕೇಳಿದಾಗ ನನಗ ಡೌಟ್ ಬಂತಮ್ಮ. ಹೂಂ ಅಂದ್ರ ಬಿಡ್ತಾರ ಅನ್ನಿಸ್ತು. ಹೂಂ ಅನ್ನಾಕ ಬಾಯಿ ತೆಗದಿದ್ದೆ."

"ಅಂದಿಯೇನು?"

"ಇಲ್ಲ." ಅವಳು ನನ್ನನ್ನೇ ನೋಡುತ್ತಿದ್ದಳು. "ಬರುವಾಗ ಆಟೋದಾಗ ಯೋಚನಿ ಮಾಡಿದೆ. ಹದಿನಾಲ್ಕು ವರ್ಷದಾಕಿಗೆ ಹಿಂಗಾದ್ರ ನಾಲ್ಕು ವರ್ಷದಾಕಿಗೆ ಹೆಂಗ ಆಗ್ತದ? ಅಮ್ಮ, ಓಲಿ ಹೋದಾಗ ನೀ ನನ್ನ ಎಷ್ಟು ಸಲ ಕೇಳಿದ್ದಿ?"

ಸ್ಟವ್ ಆರಿಸಿದೆ. ನಾಲ್ಕು ಸಲ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಚೀಟಿ, ಫೈಲು, ಅಕ್ಕಸಾಲಿಗ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಸಿಕ್ಕಾಗ ನಾನು ಒಂದನೇ ಕ್ಲಾಸು," ಎಂದಳು. "ಅದಾದ ಮ್ಯಾಲೆ ನಾನು ಎಲ್ಲಾರ ಮುಂದ ಆಕೀನ್ನ ಕಳ್ಳಿ ಅಂದೆ. ನೀ ಕೇಳ್ಕೋತ ನಿಂತಿದ್ದಿ." ಕಿವಿಯ ಓಲೆಗಳನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು ಕೋಣೆಗೆ ಹೋದಳು. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ, "ಆಕಿ ಎಲ್ಲದಾಳ?" ಎಂದಳು. ಕೋಪದ ನಡುವೆಯೂ 'ಅದಾಳ' ಎಂಬ ಆಕೆಯ ಮಾತೇ ಬಾಯಿಗೆ ಬಂದಿತ್ತು.

ಓಣಿಗೆ ಹೂವು ಮಾರಲು ಬರುವವಳು ಸಿರಿಗೇರಿಯವಳೇ. ಅವಳಿಂದ ವಿಳಾಸ ಸಿಕ್ಕಿತು. ಒಂದು ಭಾನುವಾರ ನಾನೂ ಮಗಳೂ ಸಿರುಗುಪ್ಪದ ಬಸ್ಸು ಹತ್ತಿ ಸಿರಿಗೇರಿ ಕ್ರಾಸಿನಲ್ಲಿ ಇಳಿದು ಆಟೋ ಹಿಡಿದೆವು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಆಕೆ ಮನೆಯ ಮುಂದೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗುರುತು ಹತ್ತಲಿಲ್ಲ. ಮಗಳನ್ನು ನೋಡಿದ್ದೇ ಎದ್ದು ನಿಂತಳು. "ನಮ್ಮ ಕೂಸಲ್ಲೇನು ಇದು!"

ಒಳಗೆ ಕರೆದು ಕೂರಿಸಿದಳು. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರ್, ಅದರ ಪಕ್ಕದಲ್ಲಿ ಬಿಳಿ ಕೋಟು ಹಾಕಿದ ಆಕೆಯ ಮಗಳ ಫೋಟೋ. 

"ಓಲಿ ನನ್ನ ಹತ್ರನೇ ಇತ್ತು. ನಾನೇ ಇಟ್ಟು ಮರ್ತಿದ್ದೆ. ತಪ್ಪಾತು," ಎಂದೆ.

"ಯಾವಾಗ ಸಿಕ್ತು?"

ಹೇಳಿದೆ. ಆಕೆ ಲೆಕ್ಕ ಹಾಕಿದ ಹಾಗೆ ಮೇಲೆ ನೋಡಿದಳು.

"ಆವಾಗರ ಬಂದು ಹೇಳಿದ್ರ ಬಳ್ಳಾರಿಯಾಗ ಮತ್ತ ಕೆಲಸ ಸಿಗ್ತಿತ್ತು ಅಮ್ಮಾರ. ಓಣಿ ಮಂದಿ ಅಷ್ಟೂ ಬಿಡಿಸಿಬಿಟ್ರು. ಬಾಡಿಗಿ ಮನಿ ಖಾಲಿ ಮಾಡಿ ಇಲ್ಲಿಗೆ ಬಂದ್ವಿ. ನಮ್ಮ ಹುಡುಗಿ ಪಿಯುಸಿ ಬಿಟ್ಟು ಒಂದು ವರ್ಷ ನನ್ನ ಜೋಡಿ ಮೆಣಸಿನಕಾಯಿ ಹೊಲಕ್ಕ ಬಂದ್ಲು. ಆಮ್ಯಾಲೆ ಹಟ ಹಿಡದು ಓದಿದ್ಲು. ಈಗ ಸಿರುಗುಪ್ಪದಾಗ ನರ್ಸ್ ಅದಾಳ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಸಮಾಧಾನಪಡಿಸುವ ಇರಾದೆಯೂ ಇರಲಿಲ್ಲ.

ಮಗಳು ಆಗ ಅತ್ತಳು. "ನಾನೇ ಹೇಳಿದ್ದಲ್ಲಾ ಅವ್ವಾ."

ಆಕೆ ಅವಳನ್ನು ಹತ್ತಿರ ಎಳೆದುಕೊಂಡಳು. ಖಾರದ ಕೈ ಎಂದು ಮುಂಗೈಯಿಂದ ಕಣ್ಣೊರೆಸಿದಳು. "ನಿಂದೇನಿಲ್ಲ ಕೂಸ. ಆವಾಗ ನಿನಗ ನಿಮ್ಮಮ್ಮ ಏನು ಕೇಳ್ತಾಳೋ ಅದೇ ಖರೇ. ಹೇಳಿ ಮುಗಿಸಿ ನನ್ನ ಕಾಲು ಹಿಡಕೊಳ್ಳಾಕ ಬಂದಿದ್ದಿ, ನೆನಪೈತೇನು? ನೀ ಹೇಳಿದ್ದರ ಅರ್ಥ ನಿನಗ ಗೊತ್ತಿದ್ದಿಲ್ಲ."

ಚಹಾ ಕೊಟ್ಟಳು, ಕುಡಿದೆವು. ಹೊರಡುವಾಗ ಆಕೆ ನನ್ನನ್ನು ಒಂದೇ ಒಂದು ಮಾತು ಕೇಳಿದಳು. "ಓಣ್ಯಾಗ ಹೇಳೀರೇನು?"

ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಮರುವಾರ ಓಣಿಯ ಮನೆಗಳಿಗೆ ಹೋದೆ. ಪಕ್ಕದ ಮನೆಯವರು ಊರು ಬಿಟ್ಟು ವರ್ಷಗಳಾಗಿದ್ದವು. ಮಾತು ಹರಡಿದ್ದ ಇನ್ನೊಂದು ಮನೆಯವರಿಗೆ ಆಕೆ ಯಾರು, ಅದು ಯಾವಾಗ ನಡೆದದ್ದು ಎಂದು ನೆನಪೇ ಇರಲಿಲ್ಲ. ಎದುರುಮನೆಯಾಕೆ ಮಾತ್ರ ಪೂರ್ತಿ ಕೇಳಿಸಿಕೊಂಡು, "ಹೌದೇನ್ರೀ? ನಾವಂತೂ ಅವತ್ತಿನಿಂದ ಆ ಕಡೀ ಊರಿನವರನ್ನ ಕೆಲಸಕ್ಕೇ ಇಟ್ಕೊಂಡಿಲ್ಲ. ಇರ್ಲಿ ಬಿಡ್ರಿ, ಹುಷಾರಾಗಿ ಇರೋದು ಛಲೋನೇ" ಎಂದರು. "ಇಲ್ರೀ, ಆಕಿ ತಗೊಂಡಿರಲಿಲ್ಲ, ನಾನೇ ತಪ್ಪು ಹೇಳಿದ್ದೆ" ಎಂದೆ. ಅವರು ತಲೆಯಾಡಿಸಿ ಕಾಫಿ ತರಲು ಎದ್ದರು. ಅವರು ಬಂದ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿದೆ. ಅವರಿಗೆ ಮುಟ್ಟಿತೋ ಇಲ್ಲವೋ ತಿಳಿಯದು.

ಮಗಳು ಈಗ ಭಾನುವಾರಗಳಂದು ಸಿರಿಗೇರಿಗೆ ಫೋನು ಮಾಡುತ್ತಾಳೆ. ಶಾಲೆಯ ವಿಷಯ, ಗೆಳತಿಯರ ವಿಷಯ, ನನಗೆ ಹೇಳದ ಎಷ್ಟೋ ವಿಷಯ ಅಲ್ಲಿ ಹೇಳುತ್ತಾಳೆ. ಮೊದಮೊದಲು, ಫೋನು ನನ್ನ ಕೈಗೂ ಕೊಡುತ್ತಾಳೇನೋ ಎಂದು ನಾನು ಅಲ್ಲೇ ಸುಳಿದಾಡುತ್ತಿದ್ದೆ. ಈಗ ಅವಳು ನಂಬರು ಒತ್ತಿದೊಡನೆ ಎದ್ದು ಮಹಡಿಗೆ ಬಟ್ಟೆ ತೆಗೆಯಲು ಹೋಗುತ್ತೇನೆ.