ಒಂದು ಕಣ್ಣಿಗೆ ಕೆನೆ, ಒಂದು ಕಣ್ಣಿಗೆ ಬಿಳಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಫೋಟೋ ಸ್ಟುಡಿಯೋದ ಉತ್ತರದ ಕಿಟಕಿ ತೆರೆದಿದೆ. ಒಳಗೆ ಒಂದೂ ದೀಪ ಹೊತ್ತಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ನಾಲ್ಕು ಕಾಗದದ ರೋಲುಗಳು ಎರಡೆರಡು ಅಡಿ ಬಿಚ್ಚಿಕೊಂಡು ಮಲಗಿವೆ. ನಾಲ್ಕೂ ಬಿಳಿಯವೇ. ಅವುಗಳ ಮುಂದೆ ಐವತ್ತೇಳು ವರ್ಷದ ಹೆಂಗಸೊಬ್ಬರು, ಕಾಲಿಗೆ ಸಾಕ್ಸು, ಮೈಗೆ ಬೂದು ಬಣ್ಣದ ಏಪ್ರನ್ನು, ಒಂದು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಅಂಗೈಯಿಂದ ಎಡಗಣ್ಣು ಮುಚ್ಚುತ್ತಾರೆ. ತೆಗೆಯುತ್ತಾರೆ. ಬಲಗಣ್ಣು ಮುಚ್ಚುತ್ತಾರೆ. ಮತ್ತೆ ಎಡಗಣ್ಣು.

"ಅಕ್ಕ, ಯಾರಿಗೆ ಕಣ್ಣು ಹೊಡೀತಿದೀರಾ ಬೆಳಬೆಳಿಗ್ಗೆ?" ಅನ್ನುತ್ತಾ ಒಳಗೆ ಬರುತ್ತಾರೆ ಲೈಟಣ್ಣ. ಸ್ಟುಡಿಯೋದ ದೀಪಗಳನ್ನೆಲ್ಲ ನೋಡಿಕೊಳ್ಳುವವರು.

"ನಿಂಗಂತೂ ಅಲ್ಲಪ್ಪ. ಬಾ, ಆ ಕೊನೇ ರೋಲು ಸ್ವಲ್ಪ ಈ ಕಡೆ ಎಳಿ. ನಾನು ಭಾರ ಎತ್ತೋ ಹಾಗಿಲ್ಲ."

ಈ ಹೆಂಗಸಿಗೆ ಇಲ್ಲಿ ಎಲ್ಲರೂ ಕರೆಯುವ ಹೆಸರು ಪರದೆಯಕ್ಕ. ಫೋಟೋದಲ್ಲಿ ನಿಂತವರ ಹಿಂದೆ ಬಿಳಿ ಇರಬೇಕೋ ಕಪ್ಪು ಇರಬೇಕೋ ಎಂದು ಇಪ್ಪತ್ತೆರಡು ವರ್ಷದಿಂದ ತೀರ್ಮಾನಿಸುತ್ತಾ ಬಂದವರು ಇವರು. ಫೋಟೋ ನೋಡಿದವರು ಮುಖ ನೋಡುತ್ತಾರೆ, ಬಟ್ಟೆ ನೋಡುತ್ತಾರೆ, ಫೋಟೋ ತೆಗೆದವರ ಹೆಸರು ಕೇಳುತ್ತಾರೆ. ಹಿಂದಿನ ಬಿಳಿ ಯಾರದು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಒಂದೇ ಒಂದು ಸಲ ಕೇಳಿದರು, ಎರಡು ತಿಂಗಳ ಹಿಂದೆ. ಆ ಸಲ ಅದು ತಪ್ಪಾಗಿತ್ತು.

ಪರದೆಯಕ್ಕ ಇಲ್ಲಿಗೆ ಬಂದದ್ದು ಇಸ್ತ್ರಿ ಮಾಡಲು. ಪರದೆ ಬಟ್ಟೆಗಳ ಸುಕ್ಕು ತೆಗೆಯುವುದು, ಮಡಿಸಿಡುವುದು, ಅಷ್ಟೇ ಕೆಲಸ. ಆಗ ಈಗಿನ ಯಜಮಾನರ ತಂದೆ ಸ್ಟುಡಿಯೋ ನಡೆಸುತ್ತಿದ್ದರು. ಅವರ ಕಪ್ಪು ವೆಲ್ವೆಟ್ ಪರದೆ ಕೆಲವು ದಿನ ಇದ್ದಿಲಿನ ಹಾಗೆ ಕಪ್ಪಗೆ ಬರುತ್ತಿತ್ತು, ಕೆಲವು ದಿನ ಬೂದಿಯ ಹಾಗೆ ಬೆಳ್ಳಗೆ. ಅವರು ಕ್ಯಾಮೆರಾ ಬೈದರು, ದೀಪ ಬೈದರು. ಇಸ್ತ್ರಿಯಾಕೆ ಮೂರು ತಿಂಗಳು ಸುಮ್ಮನಿದ್ದು ಒಂದು ದಿನ ಬಾಯಿ ಬಿಟ್ಟರು.

"ವೆಲ್ವೆಟ್ ಅಂದ್ರೆ ಬೆಕ್ಕಿನ ಮೈ ಇದ್ದಂಗೆ. ಒಂದು ಕಡೆಯಿಂದ ಸವರಿದ್ರೆ ನುಣ್ಣಗೆ, ಇನ್ನೊಂದು ಕಡೆಯಿಂದ ಸವರಿದ್ರೆ ಕೂದಲು ಎದ್ದು ನಿಲ್ಲತ್ತೆ. ಕೂದಲು ಮೇಲ್ಮುಖ ಆಗಿ ನೇತುಹಾಕಿದ್ರೆ ಬೆಳಕನ್ನ ನುಂಗತ್ತೆ. ತಲೆಕೆಳಗೆ ಹಾಕಿದ್ರೆ ಉಗುಳತ್ತೆ. ಅವರು ಕಣ್ಣಲ್ಲಿ ನೋಡ್ತಿದ್ರು, ನಾನು ಕೈಯಲ್ಲಿ ನೋಡ್ತಿದ್ದೆ. ಅಷ್ಟೇ ವ್ಯತ್ಯಾಸ," ಎನ್ನುತ್ತಾರೆ. ಮರುದಿನದಿಂದ ಇಸ್ತ್ರಿಗೆ ಬೇರೆಯವರು ಬಂದರು, ಪರದೆ ಇವರ ಕೈಗೆ ಬಂತು.

ಈಗ ಇವರ ಲೆಕ್ಕದಲ್ಲಿ ಒಂಬತ್ತು ಅಡಿ ಅಗಲದ ಕಾಗದದ ರೋಲುಗಳು ಹನ್ನೊಂದು, ಕಪ್ಪು ಬಟ್ಟೆಗಳು ಐದು. ದಿನಕ್ಕೆ ಹತ್ತರಿಂದ ಹದಿನಾಲ್ಕು ಸಲ ಪರದೆ ಬದಲಾಗುತ್ತದೆ. ಒಂದೊಂದು ರೋಲು ಹದಿನಾಲ್ಕು ಕಿಲೋ. ಜನ ಚಪ್ಪಲಿ ಹಾಕಿಕೊಂಡೇ ಬಿಳಿ ಕಾಗದದ ಮೇಲೆ ಹತ್ತುವುದರಿಂದ ವಾರಕ್ಕೆ ಹದಿನೈದು ಅಡಿ ಕತ್ತರಿಸಿ ಎಸೆಯಬೇಕು. ಕಪ್ಪಿನ ಕಷ್ಟ ಬೇರೆ. ಎಲ್ಲಿಂದಲೋ ಒಂದು ಬಿಳಿ ಕೂದಲು ಬಂದು ಅಂಟಿಕೊಂಡರೆ ಫೋಟೋದಲ್ಲಿ ಅದೇ ಎದ್ದು ಕಾಣುತ್ತದೆ. "ಅದೂ ಹೆಚ್ಚಾಗಿ ನಂದೇ," ಎಂದು ನಗುತ್ತಾರೆ.

ಬಿಳಿಯೋ ಕಪ್ಪೋ ಎನ್ನುವುದಕ್ಕೆ ಇವರದು ಒಂದೇ ಸೂತ್ರ. ಮುಖ ನೋಡಬಾರದು, ಅಂಚು ನೋಡಬೇಕು. ತಲೆ ಪೂರ್ತಿ ನರೆತ ತಾತನನ್ನು ಬಿಳಿಯ ಮುಂದೆ ನಿಲ್ಲಿಸಿದರೆ ತಲೆ ಅರ್ಧಕ್ಕೇ ಮುಗಿದ ಹಾಗೆ ಕಾಣುತ್ತದೆ. ಕಪ್ಪು ಕೋಟಿನ ಮದುಮಗನನ್ನು ಕಪ್ಪಿನ ಮುಂದೆ ನಿಲ್ಲಿಸಿದರೆ ಮುಖವೂ ಕೈಯೂ ಗಾಳಿಯಲ್ಲಿ ತೇಲುತ್ತವೆ. "ಒಬ್ರು ಕರಿ ನಾಯಿ ಕರ್ಕೊಂಡು ಬಂದ್ರು. ಕಪ್ಪು ಪರದೇನೇ ಬೇಕು ಅಂತ ಹಟ. ಹಾಕಿದ್ವಿ. ಫೋಟೋದಲ್ಲಿ ಎರಡು ಕಣ್ಣು, ಒಂದು ನಾಲಿಗೆ. ನಾಯಿ ಎಲ್ಲಿ ಅಂತ ನಮ್ಮನ್ನೇ ಕೇಳ್ತಾರೆ."

ಬೇರೆ ಸ್ಟುಡಿಯೋಗಳಲ್ಲಿ ಬೂದು ಬಣ್ಣದ ಕಾರ್ಡು ಹಿಡಿದು ಕ್ಯಾಮೆರಾಗೆ ಬಣ್ಣ ಹೊಂದಿಸುತ್ತಾರೆ. ಇಲ್ಲಿ ಹಿರಿಯ ಯಜಮಾನರ ಕಾಲದಿಂದಲೂ ಬೇರೆ ರೂಢಿ. ಪರದೆಯಕ್ಕ ನೇತುಹಾಕಿದ ಬಿಳಿಯೇ ಬಿಳಿ. ಕ್ಯಾಮೆರಾವನ್ನು ಪರದೆಯ ಕಡೆ ತಿರುಗಿಸಿ 'ಇದನ್ನು ಬಿಳಿ ಅಂದುಕೋ' ಎಂದು ಗುಂಡಿ ಒತ್ತುತ್ತಾರೆ. ಕ್ಯಾಮೆರಾ ನಂಬುತ್ತದೆ. ಉಳಿದ ಬಣ್ಣಗಳೆಲ್ಲ ಅದರ ಹಿಂದೆ ನಡೆಯುತ್ತವೆ. ಈ ನಂಬಿಕೆಯೇ ಎರಡು ತಿಂಗಳ ಹಿಂದೆ ಕೈಕೊಟ್ಟಿತು.

ಆ ದಿನ ಬಂದವರು ಅಂಗಿ ಮೇಡಂ. ಹದಿನಾರು ಹೊಲಿಗೆಯವರನ್ನು ಇಟ್ಟುಕೊಂಡು ಬಿಳಿ ಅಂಗಿಗಳನ್ನಷ್ಟೇ ಹೊಲಿಸಿ ಮಾರುವವರು. ಮೂವತ್ತಾರು ಅಂಗಿಗಳ ಫೋಟೋ ಬೇಕಿತ್ತು. ಪರದೆಯಕ್ಕ ಬಿಳಿ ರೋಲು ಆರಿಸಿದರು. ಅದು ಬಿಳಿಯಾಗಿರಲಿಲ್ಲ. ಹಳೆಯದಾಗಿ, ಬೆಳಕು ತಿಂದು, ಕೆನೆ ಬಣ್ಣಕ್ಕೆ ತಿರುಗಿದ್ದ ರೋಲು. ಕೆನೆಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ ನಿಜವಾದ ಬಿಳಿ ಅಂಗಿಗಳನ್ನೆಲ್ಲ ತಿಳಿನೀಲಿ ಮಾಡಿಟ್ಟಿತು. ಫೋಟೋಗಳು ಅಚ್ಚಾಗಿ ಹೋದ ಮೇಲೆ ಮೇಡಂ ಬಂದು ಮೇಜಿನ ಮೇಲೆ ತಮ್ಮ ಅಂಗಿಗಳ ಫೋಟೋ ಪುಸ್ತಕ ಇಟ್ಟರು. "ನಾನು ಕೊಟ್ಟಿದ್ದು ಬಿಳಿ. ನೀವು ಕೊಟ್ಟಿದ್ದು ನೀಲಿ. ಹಿಂದೆ ಪರದೆ ಹಾಕಿದ್ದು ಯಾರು?"

ತಪ್ಪು ಒಂದೇ ದಿನದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಪರದೆಯಕ್ಕ ವರ್ಷದಿಂದ ಲೈಟಣ್ಣನ ಮೇಲೆ ರೇಗುತ್ತಿದ್ದರು, ಬಲ್ಬುಗಳೆಲ್ಲ ಹಳದಿಯಾಗಿವೆ, ಬದಲಾಯಿಸು ಎಂದು. ಅವರು ಎರಡು ಸಲ ಬದಲಾಯಿಸಿದರು. ಮನೆಯಲ್ಲಿ ಗಂಡನ ಮೇಲೂ ಅದೇ ರಾಗ, ಗೋಡೆ ಹಳದಿಯಾಗಿದೆ, ಸುಣ್ಣ ಹೊಡೆಸಿ ಎಂದು. ಅವರೂ ಹೊಡೆಸಿದರು. ಗೋಡೆ ಮತ್ತೂ ಹಳದಿಯಾಗಿಯೇ ಇತ್ತು. "ಪೇಂಟಿನವನು ಮೋಸ ಮಾಡಿದಾನೆ ಅಂದೆ. ಪಾಪ, ಅವನು ಎರಡು ಸಲ ಬಂದು ಗೋಡೆ ಮುಟ್ಟಿ ಮುಟ್ಟಿ ನೋಡಿ ಹೋದ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಅನುಮಾನ ಬಂತು. ಒಂದು ಕೆನೆ ಬಣ್ಣದ ಲಕೋಟೆ, ಒಂದು ಬಿಳಿ ಹಾಳೆ ಅಮ್ಮನ ಮುಂದಿಟ್ಟಳು.

"ಅಮ್ಮ, ಇದರಲ್ಲಿ ಬಿಳಿ ಯಾವ್ದು?"

"ಎರಡೂ ಒಂದೇ ಅಲ್ವೇನೇ?"

ಮಗಳು ಅಲ್ಲಿಂದಲೇ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಆಗಿ ಇವತ್ತಿಗೆ ಮೂವತ್ತನೇ ದಿನ. ಎಡಗಣ್ಣು ಇನ್ನೂ ಸರದಿಯಲ್ಲಿದೆ.

ಇವರು ರಜೆಯಲ್ಲಿದ್ದಷ್ಟು ದಿನ ಯಜಮಾನರು ಯಾರೇ ಬರಲಿ ಕಪ್ಪು ಹಾಕುತ್ತಿದ್ದರು. ಕಪ್ಪು ಹಾಕಿದರೆ ಯಾರೂ ಬೈಯುವುದಿಲ್ಲ ಎಂಬುದು ಅವರ ಲೆಕ್ಕ. ಯಜಮಾನರು ಚಡ್ಡಿ ಹಾಕಿಕೊಂಡು ಸ್ಟುಡಿಯೋಗೆ ಬರುತ್ತಿದ್ದ ಕಾಲದಿಂದ ಪರದೆಯಕ್ಕ ಅವರನ್ನು ನೋಡಿದವರು. ಗಿರಾಕಿಗಳ ಎದುರು ಇವರಿಗೆ ಅವರು 'ಸರ್', ಗಿರಾಕಿ ಹೊರಗೆ ಹೋದ ಕೂಡಲೇ 'ಮರಿ'. ಆ ಮರಿಯೇ ಮೊನ್ನೆ ತಡವರಿಸುತ್ತಾ ಹೇಳಿದರಂತೆ, "ಅಕ್ಕ, ಅಂಗಿ ಮೇಡಂ ಇನ್ನೊಂದು ಸಲ ತೆಗೀರಿ ಅಂದಿದಾರೆ. ಸರಿ ಬರ್ಲಿಲ್ಲ ಅಂದ್ರೆ... ನೀವು ಮುಂದೆ ಬಾಗಿಲ ಹತ್ರ ಕೂತ್ಕೊಳ್ಳಿ. ಬಂದವರ ಹೆಸರು ಬರ್ಕೊಳ್ಳೋದು. ಸಂಬಳ ಅಷ್ಟೇ ಇರತ್ತೆ."

"ಸಂಬಳ ಯಾರಿಗೆ ಬೇಕಿತ್ತು," ಎನ್ನುತ್ತಾರೆ ಪರದೆಯಕ್ಕ. ಆಮೇಲೆ ತಾವೇ ತಿದ್ದಿಕೊಳ್ಳುತ್ತಾರೆ. "ಬೇಕು, ಬೇಕು. ಆದ್ರೂ."

ಕಿಟಕಿಯ ಕೆಳಗಿನ ನಾಲ್ಕು ರೋಲುಗಳ ಮುಂದೆ ಅವರು ಕೂತಿರುವುದು ಅದಕ್ಕೇ. ಕಷ್ಟ ಏನೆಂದರೆ, ಹೊಸ ಕಣ್ಣಿಗೆ ಇಡೀ ಜಗತ್ತು ಒಂದಿಷ್ಟು ನೀಲಿಯಾಗಿ ಕಾಣುತ್ತಿದೆ. ಕ್ರಮೇಣ ಸರಿಹೋಗುತ್ತದೆ, ಪೊರೆಯ ಹಳದಿಗೆ ಒಗ್ಗಿಹೋಗಿದ್ದಿರಿ, ಅದಕ್ಕೆ ಹೀಗೆ ಎಂದಿದ್ದಾರೆ ಡಾಕ್ಟರು. ಆದರೆ ಹೋದ ಸಲ ಕೆಟ್ಟದ್ದೂ ನೀಲಿಯಿಂದಲೇ. ಹಳೇ ಕಣ್ಣನ್ನು ನಂಬಿದರೆ ಕೆನೆ, ಹೊಸ ಕಣ್ಣನ್ನು ನಂಬಿದರೆ ನೀಲಿ.

ಏಳು ಗಂಟೆಗೆ ಯಜಮಾನರು ಬರುತ್ತಾರೆ. ರೋಲುಗಳನ್ನು ನೋಡಿ, ಅಕ್ಕನನ್ನು ನೋಡಿ, "ಕಪ್ಪೇ ಹಾಕ್ಬಿಡೋಣ್ವಾ? ಬಿಳಿ ಅಂಗಿ ಚೆನ್ನಾಗೇ ಎದ್ದು ಕಾಣತ್ತೆ," ಎನ್ನುತ್ತಾರೆ.

"ಅವರ ಪುಸ್ತಕದ ಹಾಳೆ ಬಿಳಿ, ಮರಿ. ಮೂವತ್ತಾರು ಕಪ್ಪು ಚೌಕ ಅಂಟಿಸಿದ್ರೆ ಕಿಟಕಿಗೆ ಕಂಬಿ ಹಾಕಿದಂಗೆ ಇರತ್ತೆ. ಒಂದು ಅಂಗಿ ಕೊಡು ಇಲ್ಲಿ."

ಅಂಗಿಯ ತೋಳನ್ನು ಒಂದೊಂದೇ ರೋಲಿನ ಮೇಲೆ ಹರಡುತ್ತಾರೆ. ಎಡಗಣ್ಣಲ್ಲಿ ನೋಡಿದರೆ ಅಂಗಿಯೂ ನಾಲ್ಕು ರೋಲುಗಳೂ ಎಲ್ಲಾ ಒಂದೇ. ಬಲಗಣ್ಣಲ್ಲಿ ನೋಡುತ್ತಾರೆ. ಎಲ್ಲವೂ ನೀಲಿಯ ಛಾಯೆಯಲ್ಲೇ ಇದ್ದರೂ ಒಂದು ರೋಲು ಹಾಲಿನ ಹಾಗಿದೆ, ಒಂದು ಹಲ್ಲಿನ ಹಾಗಿದೆ, ಒಂದು ಮಜ್ಜಿಗೆಯ ಹಾಗಿದೆ. ಸಾಲಿನಲ್ಲಿ ಮೂರನೇ ರೋಲಿನ ಮೇಲೆ ಮಾತ್ರ ತೋಳು ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ.

"ನಾಲ್ಕನ್ನೂ ಒಂದೇ ಅನ್ನೋ ಕಣ್ಣಿಗಿಂತ, ನಾಲ್ಕನ್ನ ನಾಲ್ಕು ಅನ್ನೋ ಕಣ್ಣನ್ನೇ ನಂಬ್ತೀನಿ," ಎನ್ನುತ್ತಾರೆ. "ಮೂರನೇದು. ಎತ್ತು ತಮ್ಮ."

ಲೈಟಣ್ಣ ರೋಲನ್ನು ಕಂಬಕ್ಕೇರಿಸುತ್ತಾರೆ. ಆಮೇಲೆ ಪರದೆಯಕ್ಕ ಎರಡು ಕಪ್ಪು ಬಟ್ಟೆಗಳನ್ನು ತರಿಸಿ ಅಂಗಿಯ ಆಚೆ ಒಂದು, ಈಚೆ ಒಂದು, ಕ್ಯಾಮೆರಾದ ಕಣ್ಣಿಗೆ ಬೀಳದಷ್ಟು ದೂರದಲ್ಲಿ ನಿಲ್ಲಿಸುತ್ತಾರೆ. "ಬಿಳಿ ಮೇಲೆ ಬಿಳಿ ಕಾಣ್ಬೇಕಾದ್ರೆ ಪಕ್ಕದಲ್ಲಿ ಕಪ್ಪು ನಿಂತಿರ್ಬೇಕು. ಅಂಚಿಗೆ ಒಂದು ಗೆರೆ ನೆರಳು ಕೊಡತ್ತೆ, ತಾನು ಫೋಟೋದಲ್ಲಿ ಬರಲ್ಲ."

ಅಂಗಿ ಮೇಡಂ ಎಂಟೂವರೆಗೆ ಬರುತ್ತಾರೆ, ಕೂರುವುದಿಲ್ಲ. ಯಜಮಾನರು ಕ್ಯಾಮೆರಾವನ್ನು ಪರದೆಯ ಕಡೆ ತಿರುಗಿಸಿ ಗುಂಡಿ ಒತ್ತುತ್ತಾರೆ. ಮೊದಲ ಫೋಟೋ. ದೊಡ್ಡ ಕಂಪ್ಯೂಟರಿನ ಮೇಲೆ ಅದು ಮೂಡುತ್ತದೆ. ಪರದೆಯಕ್ಕ ಆ ಕಡೆ ನೋಡುತ್ತಿಲ್ಲ, ನೆಲದ ಮೇಲಿನ ಕಾಗದದ ಚೂರು ಹೆಕ್ಕುತ್ತಿದ್ದಾರೆ. ಮೇಡಂ ಪರದೆಯ ಮುಂದೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡು ಬಂದು ಕಂಪ್ಯೂಟರಿಗೆ ತಾಗಿಸಿ ಹಿಡಿಯುತ್ತಾರೆ. ಒಮ್ಮೆ ಅಂಗಿ, ಒಮ್ಮೆ ಫೋಟೋ. ಕಾಲರ್ ನೋಡುತ್ತಾರೆ, ಗುಂಡಿಯ ಸುತ್ತಲ ದಾರ ನೋಡುತ್ತಾರೆ.

"ಹ್ಞಾಂ," ಎನ್ನುತ್ತಾರೆ. "ಇದು ನಾನು ಹೊಲ್ಸಿದ್ದು." ಅಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಲೈಟಣ್ಣ ಬಿಟ್ಟ ಉಸಿರು ಕೋಣೆಯ ಆ ತುದಿಗೂ ಕೇಳಿಸುತ್ತದೆ. ಪರದೆಯಕ್ಕ ಸೊಂಟಕ್ಕೆ ಕೈಕೊಟ್ಟು ನಿಧಾನ ಎದ್ದು, ಗೋಡೆಗೆ ಒರಗಿ, ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ. "ಕಣ್ಣು ಮುಟ್ಬೇಡಿ ಅಕ್ಕ, ಡಾಕ್ಟರ್ ಹೇಳಿದಾರೆ," ಎಂದು ಲೈಟಣ್ಣ ಗದರುತ್ತಾರೆ. "ಮುಟ್ಟಿಲ್ಲ ಕಣೋ, ಬೆವರು," ಎಂದು ಇವರು ಗೊಣಗುತ್ತಾರೆ. ಇನ್ನು ಮೂವತ್ತೈದು ಅಂಗಿಗಳು ಬಾಕಿ ಇವೆ. ಅವೂ ಒಂದೊಂದಾಗಿ ಬಿಳಿಯಾಗಿಯೇ ಮುಗಿಯುತ್ತವೆ.

ಎಡಗಣ್ಣಿನ ಆಪರೇಷನ್ನಿಗೆ ಮುಂದಿನ ತಿಂಗಳು ದಿನ ಸಿಕ್ಕಿದೆ. ಭಯ ಇದೆಯಾ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಭಯ ಎಲ್ಲಾ ಮೊದಲನೇ ಕಣ್ಣಿಗೇ ಖರ್ಚಾಗೋಯ್ತು. ಎರಡೂ ಕಣ್ಣು ಜಗಳ ಆಡ್ದೆ ಒಂದೇ ಮಾತು ಹೇಳಿದ್ರೆ ಸಾಕು ನಂಗೆ."

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮುಂದಿನ ಗಿರಾಕಿಗಳು ಬಾಗಿಲಿಗೆ ಬಂದಿದ್ದಾರೆ, ಒಂದು ಕುಟುಂಬ. ಯಜಮಾನರು ಒಳಗಿನಿಂದ ಕೂಗುತ್ತಾರೆ, "ಅಕ್ಕ, ಬಿಳಿ ಹಾಕ್ಲಾ, ಕಪ್ಪು ಹಾಕ್ಲಾ?"

ಎರಡು ತಿಂಗಳಿಂದ ಈ ಪ್ರಶ್ನೆಯನ್ನು ಅವರು ಇವರಿಗೆ ಕೇಳಿರಲಿಲ್ಲ. ಪರದೆಯಕ್ಕ ಉತ್ತರಕ್ಕೆ ಅವಸರ ಮಾಡುವುದಿಲ್ಲ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಕೂರುತ್ತಾರೆ.

"ತಾಳಿ ಸರ್," ಎನ್ನುತ್ತಾರೆ, "ಮೊದ್ಲು ಅವರು ಒಳಗೆ ಬರ್ಲಿ. ತಲೆಗಳನ್ನ ನೋಡಿ ಹೇಳ್ತೀನಿ."