ಫಿನಾಯಿಲ್ ಮಾವನ ಮೂಗು

ಬಸ್ ನಿಲ್ದಾಣದ ಹಿಂಬದಿಯ ಶೌಚಾಲಯವನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದೇ ಇರಬೇಕು. ಆದರೆ ಡ್ರೈವರು, ಕಂಡಕ್ಟರು, ಪೇಪರ್ ಮಾರುವವನು, ಕೊನೆಗೆ ಭಾವ ಅನ್ನಬೇಕಾದ ಹೆಂಡತಿಯ ತಮ್ಮ ಕೂಡ ಅವನನ್ನು ಕರೆಯುತ್ತಿದ್ದದ್ದು ಫಿನಾಯಿಲ್ ಮಾವ ಎಂದೇ. ಮೊದಲು ವಾಸನೆ ಬರುತ್ತಿತ್ತು, ಹಿಂದಿನಿಂದ ಮಾವ ಬರುತ್ತಿದ್ದ.

ಹೆಸರಿನ ಬಗ್ಗೆ ಅವನಿಗೆ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಒಟ್ಟು ಮನುಷ್ಯಜಾತಿಯ ಮೇಲೆ. ಕಮೋಡಿನೊಳಗಿಂದ ಉದ್ದನೆಯ ತಂತಿ ಕೊಕ್ಕೆ ಹಾಕಿ ಅವನು ಎಳೆದು ತೆಗೆದ ವಸ್ತುಗಳಲ್ಲಿ ಬಾಚಣಿಗೆ, ಶಾಂಪೂ ಪಾಕೀಟು, ಮೇಲ್ಸಾಲಿನ ಹಲ್ಲುಸೆಟ್ಟು, ಎಡಗಾಲಿನ ಒಂದು ಬೂಟು ಇದ್ದವು. ಆ ಪುಣ್ಯಾತ್ಮ ಒಂದೇ ಬೂಟಿನಲ್ಲಿ ಯಾವ ಬಸ್ಸು ಹತ್ತಿದ ಎಂಬುದು ಮಾವನನ್ನು ಹನ್ನೊಂದು ವರ್ಷದಿಂದ ಕಾಡುತ್ತಿದ್ದ ಪ್ರಶ್ನೆ. ನಾವು ನೀವೆಲ್ಲ ಮೂಗಿಗೆ ಕರ್ಚೀಫು ಒತ್ತಿಕೊಂಡು ಒಳಗೆ ಹೋಗಿ, ಒಂದು ಮಗ್ಗು ನೀರು ಸುರಿಯುವುದಕ್ಕೂ ಸೋಮಾರಿತನ ಮಾಡಿ, ಹೊರಗೆ ಬಂದು "ಥೂ, ಎಂಥಾ ಜನ" ಎನ್ನುವವರು. ಆ "ಥೂ"ವನ್ನು ದಿನಾ ತೊಳೆಯುವುದು ಅವನ ಕೆಲಸ.

ಅವನ ಆಸ್ತಿಯೆಂದರೆ ಮೂಗು. ಬೆಳಗ್ಗೆ ಬಾಗಿಲು ತೆರೆದು ಒಮ್ಮೆ ಉಸಿರೆಳೆದರೆ ಸಾಕು, "ನಾಲ್ಕನೆಯದು ಕಟ್ಕೊಂಡಿದೆ ಕಣೇ" ಎನ್ನುತ್ತಿದ್ದ. ಹೆಂಗಸರ ಬದಿಯನ್ನು ನೋಡಿಕೊಳ್ಳುತ್ತಿದ್ದ ಹೆಂಡತಿ ಹೋಗಿ ನೋಡಿದರೆ ನಾಲ್ಕನೆಯದೇ ಕಟ್ಟಿಕೊಂಡಿರುತ್ತಿತ್ತು. "ಈ ಮೂಗು ಪೊಲೀಸ್ ಇಲಾಖೆಯಲ್ಲಿ ಇರಬೇಕಾಗಿತ್ತು, ಇಲ್ಲಿ ಬಂದು ಕೊಳೀತಾ ಇದೆ" ಎಂದು ಅವಳು ಹಂಗಿಸಿದರೂ ಅದರಲ್ಲಿ ಒಂದಿಷ್ಟು ಹೆಮ್ಮೆ ಇರುತ್ತಿತ್ತು. ಇಬ್ಬರೂ ಕಟ್ಟಡದ ಹಿಂದಿನ ಒಂದು ಕೋಣೆಯಲ್ಲೇ ವಾಸ.

ನಿಲ್ದಾಣದ ಮ್ಯಾನೇಜರು ಒಂದು ದಿನ ಬಂದು, ಒಳಗೆ ಕಾಲಿಡದೆ, ಹೊಸ್ತಿಲಾಚೆಯಿಂದಲೇ ಹೇಳಿದರು: "ನೋಡಪ್ಪಾ, ಮುಂದಿನ ವಾರ ಕಳೆದು ಬರೋ ಸೋಮವಾರ ಮೇಲಿನ ಆಫೀಸಿನಿಂದ ತಪಾಸಣೆ ಇದೆ. ವಾಸನೆ ಅಂತ ಒಂದು ಪದ ಬರೆದರೂ ಕೆಲಸ ಯಾವುದೋ ಕಂಪನಿಗೆ ಹೋಗತ್ತೆ. ಕೋಣೇನೂ ಖಾಲಿ ಮಾಡ್ಬೇಕಾಗತ್ತೆ."

"ಬರಲಿ ಸಾರ್," ಎಂದ ಮಾವ. "ಬಂದು ಮೂಸಲಿ."

ಆ ಧೈರ್ಯ ಭಾನುವಾರದವರೆಗೆ ಗಟ್ಟಿಯಾಗಿತ್ತು. ಭಾನುವಾರ ಮಕ್ಕಳು ಬಂದರು.

ಒಂಬತ್ತನೇ ತರಗತಿಯ ಹನ್ನೆರಡು ಹುಡುಗ ಹುಡುಗಿಯರು, ಒಬ್ಬರು ಮೇಡಂ, ಎಂಟು ಡಬ್ಬಿ ಬಣ್ಣ, ಒಂದು ಏಣಿ. ಶಾಲೆಯಲ್ಲಿ ಪ್ರತಿಯೊಬ್ಬರೂ ಇಷ್ಟು ಗಂಟೆ ಸಮಾಜಸೇವೆ ಮಾಡಬೇಕಂತೆ. ಸೇವೆ ಬೋರು ಹೊಡೆಸಬಾರದಂತೆ. ಮಕ್ಕಳು ನಕ್ಕೊಂಡು, ಕುಣ್ಕೊಂಡು ಮಾಡಬೇಕಂತೆ. ಯೋಜನೆಯ ಹೆಸರೇ "ಮೋಜಿನ ಸೇವೆ". ಇಷ್ಟನ್ನೂ ಮೇಡಂ ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡೇ ವಿವರಿಸಿದರು.

ಮಾವನ ಮುಖ ಒಂದು ಕ್ಷಣ ಅರಳಿತು. "ಬನ್ನಿ ಬನ್ನಿ, ಬ್ರಷ್ ಎಂಟಿದೆ. ಇನ್ನು ನಾಲ್ಕು ತರಿಸೋಣ."

ಮಕ್ಕಳು ಮುಖ ಮುಖ ನೋಡಿಕೊಂಡರು. ಗುಂಪಿನಲ್ಲೇ ಉದ್ದನೆಯ ಹುಡುಗಿಯೊಬ್ಬಳು, ಬಾವಿಗೆ ಇಳಿ ಎಂದವರಿಗೆ ಉತ್ತರ ಕೊಡುವಷ್ಟು ವಿನಯದಿಂದ ಹೇಳಿದಳು: "ಅಂಕಲ್, ನಮ್ಮದು ಹೊರಗಡೆ ಸೇವೆ. ಗೋಡೆಗೆ ಪೇಂಟಿಂಗು. ವೋಟ್ ಹಾಕಿ ತೀರ್ಮಾನ ಮಾಡಿದ್ದೀವಿ."

"ಒಳಗಡೆಗೆ ಎಷ್ಟು ವೋಟು ಬಿತ್ತಮ್ಮ?"

"ಅದು ಲಿಸ್ಟಲ್ಲೇ ಇರಲಿಲ್ಲ ಅಂಕಲ್."

ದಿನವಿಡೀ ಗೋಡೆಯ ಮೇಲೆ ಗಿಳಿಗಳು ಕೂತವು, ಕಾಮನಬಿಲ್ಲು ಎದ್ದಿತು, ಹಲ್ಲು ಬಿಡುವ ಸೂರ್ಯ ಹುಟ್ಟಿದ. ಹಾಡು, ಕಿರುಚಾಟ, ಮೂತಿ ಉಬ್ಬಿಸಿಕೊಂಡು ಫೋಟೋ. ಮೂತ್ರಕ್ಕೆಂದು ಓಡಿ ಬಂದ ಮುದುಕರೊಬ್ಬರನ್ನು ತಡೆದು, "ತಾತಾ, ಸ್ವಲ್ಪ ಆ ಕಡೆ, ಫ್ರೇಮಿಗೆ ಬರ್ತಿದ್ದೀರಿ" ಎಂದರು. ತಾತ ಫ್ರೇಮಿನಾಚೆ ಕಾಲು ಹೊಸೆಯುತ್ತಾ ನಿಂತಿದ್ದರು. ಬಣ್ಣದ ಬ್ರಷ್ಷುಗಳನ್ನು ಮಾವ ಆಗಷ್ಟೇ ತಿಕ್ಕಿದ್ದ ಕೈತೊಳೆಯುವ ತೊಟ್ಟಿಯಲ್ಲಿ ತೊಳೆದರು. ಸಂಜೆ ಹೊರಟಾಗ ಅಂಗಳದಲ್ಲಿ ಹದಿನಾಲ್ಕು ನೀರಿನ ಬಾಟಲಿ, ಅರ್ಧ ತಿಂದ ಬಿಸ್ಕತ್ತು, ಬಣ್ಣದ ಕೈಗವಸುಗಳು. "ಸಮಾಜಸೇವೆ ಮುಗೀತು, ಇನ್ನು ಸಮಾಜಸೇವೆಯ ಸೇವೆ ನಮ್ಮದು" ಎಂದು ಮಾವ ಪೊರಕೆ ಎತ್ತಿಕೊಂಡ. ಹೆಂಡತಿ ಮಾತ್ರ ಗಿಳಿಗಳನ್ನು ನೋಡಿ, "ಚೆನ್ನಾಗೇ ಇದೆಯಲ್ಲ್ರೀ" ಎಂದಳು. ಅವಳಿಗೂ ಅವನಿಗೂ ಅವತ್ತು ಮಾತಿಲ್ಲ.

ಮಂಗಳವಾರ ಬೆಳಗ್ಗೆ ಬಾಗಿಲು ತೆರೆದ ಮಾವ ಉಸಿರೆಳೆದು ಅಲ್ಲೇ ನಿಂತ. ನಾಲ್ಕನೆಯದಲ್ಲ. ಒಂದನೆಯದೂ ಅಲ್ಲ. ಎಲ್ಲ ಕಡೆಯಿಂದ ಒಂದೇ ಸಮನೆ, ಕೊಳೆತ ಮೊಟ್ಟೆಯ ಬುಟ್ಟಿಯನ್ನು ಬಿಸಿಲಿಗಿಟ್ಟ ಹಾಗೆ.

ತಿಕ್ಕಿದ. ಎರಡು ಕ್ಯಾನು ಫಿನಾಯಿಲ್ ಸುರಿದ. ಬುಧವಾರ ವಾಸನೆ ಇಮ್ಮಡಿಯಾಯಿತು. ಒಂದು ಕಮೋಡಿಗೆ ನೀರು ಹಾಕಿದರೆ ಪಕ್ಕದ್ದು ಗುಳುಗುಳು ಎಂದು ತೇಗುತ್ತಿತ್ತು. ಅಂಗಳದ ಚರಂಡಿ ಚೇಂಬರಿನ ಮುಚ್ಚಳ ಎತ್ತಿ ಬಿದಿರು ಸೀಳು ಹಾಕಿ ನೋಡಿದ, ಎಲ್ಲ ಸಲೀಸಾಗಿ ಹರಿಯುತ್ತಿತ್ತು. ಗುರುವಾರ ಸ್ವತಃ ಅವನೇ ಮೂಗು ಮುಚ್ಚಿಕೊಂಡು ಹೊರಗೋಡಿ ಬಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

"ಮಾವಾ, ಗೋಡೆ ಮೇಲೆ ಗಿಳಿ, ಒಳಗೆ ಹೆಣ!" ಎಂದು ಡ್ರೈವರೊಬ್ಬ ಕೂಗಿದ. ಕ್ಯಾಂಟೀನಿನವನು ಆ ಕಡೆಯ ಕಿಟಕಿಗೆ ರಟ್ಟು ಬಡಿದ. ಪೇಪರಿನವನು ತನ್ನ ಕಟ್ಟನ್ನೆಲ್ಲ ಎತ್ತಿಕೊಂಡು ಇನ್ನೊಂದು ತುದಿಗೆ ಹೋಗಿ ಕೂತ.

"ನಿನ್ನ ಕಡೆದೇ ಇದು. ಸರಿಯಾಗಿ ತೊಳೆದಿಲ್ಲ ನೀನು," ಎಂದ ಮಾವ ಹೆಂಡತಿಗೆ.

"ಹೌದು, ಇಷ್ಟು ವರ್ಷ ಸುಮ್ನಿದ್ದು ಈ ವಾರ ನೋಡಿ ಸೇಡು ತೀರಿಸಿಕೊಂಡೆ," ಎಂದಳು ಅವಳು. ಆಮೇಲೆ ಮೆತ್ತಗೆ, "ಕೋಣೆ ಹೋದ್ರೆ ಎಲ್ಲಿಗೆ ಹೋಗೋದ್ರೀ?"

ಮಾವ ಇನ್ನೊಂದು ಕ್ಯಾನು ಫಿನಾಯಿಲ್ ಬಿಚ್ಚಿದ. ಶನಿವಾರ ಮಾವ ಊಟ ಬಿಟ್ಟ. ಕೈಗೆ ಎಷ್ಟು ಸೋಪು ಹಚ್ಚಿದರೂ ತುತ್ತು ಬಾಯಿ ಹತ್ತಿರ ಬಂದರೆ ವಾಕರಿಕೆ.

ತಪಾಸಣೆಗೆ ಒಂದೇ ದಿನ ಉಳಿದಿದ್ದ ಭಾನುವಾರ ಮಕ್ಕಳು ಮತ್ತೆ ಬಂದರು. ಈ ಸಲ ಮೇಡಂ ಇರಲಿಲ್ಲ, ಹನ್ನೆರಡು ಫಾರಂಗಳಿದ್ದವು. ಸೇವೆ ನಡೆದ ಜಾಗದ ಜವಾಬ್ದಾರರು ಸಹಿ ಹಾಕಬೇಕಂತೆ. "ವಿದ್ಯಾರ್ಥಿ ಸಂತೋಷದಿಂದ ಸೇವೆ ಸಲ್ಲಿಸಿರುತ್ತಾರೆ" ಎಂದು ಮೊದಲೇ ಅಚ್ಚಾಗಿತ್ತು. ಅವರ ಸಂತೋಷಕ್ಕೆ ಜವಾಬ್ದಾರ ಮಾವ.

ಗಾಳಿ ತಿರುಗಿತು. ಹನ್ನೆರಡು ಕೈ ಹನ್ನೆರಡು ಮೂಗಿಗೆ ಹೋದವು.

"ಅಯ್ಯಯ್ಯೋ ಅಂಕಲ್, ನೀವು ಕ್ಲೀನೇ ಮಾಡಲ್ವಾ?" ಎಂದ ಒಬ್ಬ ಕನ್ನಡಕದ ಹುಡುಗ.

ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದರೆ ಏನೇನು ಬರುತ್ತಿತ್ತೋ, ಅಷ್ಟರಲ್ಲಿ ಉದ್ದನೆಯ ಹುಡುಗಿ ಮೂಗು ಹಿಡಿದುಕೊಂಡೇ ಕೇಳಿದಳು: "ಅಂಕಲ್, ಗುಬ್ಬಿ ಬಂತಾ?"

"ಯಾವ ಗುಬ್ಬಿ?"

"ಗುಬ್ಬಿಮನೆ ಇಟ್ಟಿದ್ವಲ್ಲ, ಮೇಲೆ. ನೀವು ನೋಡೇ ಇಲ್ವಾ?"

ಮಾವ ನೋಡಿರಲಿಲ್ಲ. ಅವನದು ಕೆಳಗೆ ನೋಡುವ ಕಸುಬು. ಅವಳ ಬೆರಳು ಹೋದ ಕಡೆ ತಲೆಯೆತ್ತಿದರೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಮಲದ ಗುಂಡಿಯ ಹೊಲಸು ಗಾಳಿಯನ್ನು ಆಕಾಶಕ್ಕೆ ಬಿಡಬೇಕಾದ ಉದ್ದನೆಯ ಪೈಪಿನ ತುದಿಯಲ್ಲಿ, ಹಳದಿ ಬಣ್ಣದ ಮರದ ಪೆಟ್ಟಿಗೆ. ಕೆಂಪು ಮಾಡು. ದುಂಡನೆಯ ಬಾಗಿಲು. ಪಕ್ಕದಲ್ಲಿ "ಸುಸ್ವಾಗತ" ಎಂದು ಬರೆದಿತ್ತು.

"ಸುಮ್ನೆ ನಿಂತಿತ್ತು ಅಂಕಲ್ ಆ ಪೈಪು," ಎಂದ ಕನ್ನಡಕ. "ತುದೀಲಿ ಏನೋ ಜಾಲರಿ ಇತ್ತು, ಕಿತ್ತು ಹಾಕಿದ್ವಿ. ಪೆಟ್ಟಿಗೆ ಅಲ್ಲಾಡಬಾರದು ಅಂತ ಸುತ್ತ ಸಿಮೆಂಟೂ ಮೆತ್ತಿದ್ವಿ. ಒಂಚೂರೂ ಸಂದಿಲ್ಲ!"

ಕೆಲಸ ಗಟ್ಟಿಯಾಗಿಯೇ ಇತ್ತು. ದಾರಿ ಮುಚ್ಚಿದ ಗಾಳಿ ಎಲ್ಲಿ ಹೋದೀತು? ಕಮೋಡಿನ ಬಾಗಿದ ಕೊಳವೆಗಳಲ್ಲಿ ನಿಂತ ನೀರನ್ನು ತಳ್ಳಿಕೊಂಡು, ಗುಳುಗುಳು ಎನ್ನುತ್ತಾ ವಾಪಸ್ಸು ಜನರ ಮೂಗಿಗೇ ಬಂದಿತ್ತು.

ಬೈಯುವುದಕ್ಕೂ ಒಂದಿಷ್ಟು ಪ್ರೀತಿ ಬೇಕು. ಮಾವನಲ್ಲಿ ಅಷ್ಟೂ ಉಳಿದಿರಲಿಲ್ಲ. "ಫಾರಂ ಕಲ್ಲಿನ ಕೆಳಗಿಡಿ," ಎಂದ. "ಟ್ಯಾಂಕಿನ ಏಣಿ ಹಿಡೀರಿ."

ಉಳಿ ಸುತ್ತಿಗೆ ಹಿಡಿದು ಮಾವ ಮೇಲೇರಿದ. ನಾಲ್ಕು ಏಟಿಗೆ ಪೆಟ್ಟಿಗೆ ಎದ್ದಿತು. ವಾರವಿಡೀ ಕೂಡಿಹಾಕಿದ್ದೆಲ್ಲ ಒಮ್ಮೆಲೇ ಹೊರಬಿದ್ದು ಕೆಳಗಿದ್ದವರನ್ನು ತಬ್ಬಿಕೊಂಡಿತು. ಕನ್ನಡಕದವನು ಮೂಲೆಗೆ ಓಡಿ ವಾಂತಿ ಮಾಡಿದ, ಸರಿಯಾಗಿ ತಾನೇ ಬಿಡಿಸಿದ ಸೂರ್ಯನ ಬಾಯಿಗೆ. ಮಾವನಿಗೂ ಕಣ್ಣು ಕತ್ತಲಿಟ್ಟಿತು. ಟ್ಯಾಂಕನ್ನು ತಬ್ಬಿಕೊಂಡು ನಿಂತ.

ಇಳಿದು ಬಂದವನು ಎಂಟು ಬ್ರಷ್ಷನ್ನೂ ತಂದು ನೆಲಕ್ಕೆ ಹಾಕಿದ. "ಒಬ್ಬರಿಗೆ ಒಂದು ಕಮೋಡು. ಆಮೇಲೆ ಸಹಿ."

ಎಂಟು ಮಂದಿಗೆ ಅಮ್ಮನ ಫೋನು ಬಂತು, ಟ್ಯೂಷನ್ ನೆನಪಾಯಿತು, ಕಾಲು ನೋವು ಶುರುವಾಯಿತು. ಉಳಿದದ್ದು ನಾಲ್ವರು. ಅವರಲ್ಲಿ ಕನ್ನಡಕದವನೂ ಇದ್ದದ್ದು ಬಹುಶಃ ಓಡುವ ತ್ರಾಣವಿಲ್ಲದ್ದಕ್ಕೆ.

"ಹೇಗೆ ಹಿಡಿಯೋದು ಅಂಕಲ್?" ಎಂದಳು ಉದ್ದನೆಯ ಹುಡುಗಿ, ಬ್ರಷ್ಷನ್ನು ಸತ್ತ ಇಲಿಯ ಹಾಗೆ ಎರಡೇ ಬೆರಳಲ್ಲಿ ಹಿಡಿದು.

"ನೀನು ಹಿಡಿದಿರೋ ಹಾಗಂತೂ ಅಲ್ಲ."

ಮೊದಲ ಅರ್ಧ ಗಂಟೆ ಬರೀ ಓಕರಿಕೆ. ಆಮೇಲೆ ಯಾರೋ ಪೈಪಿನ ನೀರನ್ನು ಇನ್ನೊಬ್ಬರಿಗೆ ಚಿಮ್ಮಿಸಿದರು, ಮತ್ತೆ ಯಾರೋ ಕಿರುಚಿ ನಕ್ಕರು, ಯಾರ ಕಮೋಡು ಹೆಚ್ಚು ಹೊಳೆಯುತ್ತದೆ ಎಂದು ಪಂದ್ಯ ಶುರುವಾಯಿತು. ಗೆದ್ದವರನ್ನು ಹೇಳಲು ಮಾವನ ಹೆಂಡತಿಯನ್ನು ಕರೆದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ನಿಜವಾಗಿಯೂ ಬಗ್ಗಿ ಬಗ್ಗಿ ನೋಡಿ ಅಂಕ ಕೊಟ್ಟಳು.

"ಇದರಲ್ಲೂ ಮೋಜು!" ಎಂದು ಮಾವ ಹಣೆ ಹಣೆ ಚಚ್ಚಿಕೊಂಡ. "ನನಗೆ ಇಷ್ಟು ವರ್ಷದಲ್ಲಿ ಒಂದು ದಿನ ಸಿಗಲಿಲ್ಲ." ಸಂಜೆ ನಾಲ್ಕು ಫಾರಂಗೆ ಸಹಿ ಹಾಕಿದ. ಎಂಟು ಕಲ್ಲಿನ ಕೆಳಗೇ ಉಳಿದವು.

ಸೋಮವಾರ ಬೆಳಗ್ಗೆ ಬಾಗಿಲು ತೆರೆದು ಉಸಿರೆಳೆದ. ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಎರಡನೇ ಸಲ ಎಳೆದುಕೊಂಡ.

ಹನ್ನೊಂದಕ್ಕೆ ತಪಾಸಣೆಯ ಸಾಹೇಬರು ಬಂದರು, ಮೂಗಿಗೆ ಟಿಶ್ಯೂ ಕಾಗದ ಒತ್ತಿಕೊಂಡು. ಗಿಳಿಗಳನ್ನು ನೋಡಿ ಕಣ್ಣರಳಿಸಿದರು. ಕಾಮನಬಿಲ್ಲಿನ ಮುಂದೆ ಮ್ಯಾನೇಜರ ಜೊತೆ ಫೋಟೋ ತೆಗೆಸಿಕೊಂಡರು. "ಫಸ್ಟ್ ಕ್ಲಾಸ್! ಪಾಸು," ಎಂದು ಅಲ್ಲೇ ನಿಂತು ಪೆನ್ನು ತೆಗೆದರು.

"ಒಳಗೆ ನೋಡಿಲ್ವಲ್ಲ ಸಾಹೇಬ್ರೆ," ಎಂದ ಮಾವ.

"ಹೊರಗಡೆ ನೋಡಿದರೇ ಗೊತ್ತಾಗತ್ತಪ್ಪ."

ಹಿಂದಿನಿಂದ ಹೆಂಡತಿ ಅಂಗಿಯ ಚುಂಗು ಹಿಡಿದು ಜಗ್ಗಿದಳು: "ಕೋಣೆ ಉಳೀತಲ್ಲ, ಬಿಡ್ರೀ!" ಮಾವ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವ ಬದಲು ಬಾಗಿಲನ್ನು ಹಾರು ಹೊಡೆದು ನಿಂತ. "ಒಳಗೆ ಬನ್ನಿ. ಆ ಕಾಗದ ತೆಗೀರಿ. ಮೂಸಿ. ಇಲ್ಲದಿದ್ರೆ ನಿಮ್ಮ ಪಾಸು ನನಗೆ ಬೇಡ."

ಮ್ಯಾನೇಜರ ಮುಖ ಸುಣ್ಣವಾಯಿತು. ಸಾಹೇಬರು ತಬ್ಬಿಬ್ಬಾಗಿ ಒಳಗೆ ಬಂದರು, ಕಾಗದವನ್ನು ಅರ್ಧ ಇಂಚು ಇಳಿಸಿದರು, ಮೂಗು ಅರಳಿಸಿದರು, ಪೂರ್ತಿ ಇಳಿಸಿದರು.

"ಅರೆ! ವಾಸನೇನೇ ಇಲ್ವಲ್ಲ!"

"ಅದನ್ನೇ ಬರೀರಿ."

ಸಾಹೇಬರು ಬರೆದರು. ಬರೆದು, ತಲೆದೂಗಿ, ಕೈಯಲ್ಲಿದ್ದ ಟಿಶ್ಯೂವನ್ನು ಮುದುರಿ, ಉದ್ದನೆಯ ಹುಡುಗಿ ಪಂದ್ಯ ಗೆದ್ದಿದ್ದ ಕಮೋಡಿಗೆ ಎಸೆದು, ನೀರನ್ನೂ ಹಾಕದೆ ಹೊರಟುಹೋದರು.

"ಥೂ," ಎಂದ ಫಿನಾಯಿಲ್ ಮಾವ, ಮತ್ತು ತಂತಿ ಕೊಕ್ಕೆ ತರಲು ಹೋದ.